ಹಲಸಿನ ಜಾತಿಯ ಆರೋಪಿ

೧೯೯೩ನೇ ಇಸವಿ ಜೂನ್ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೆಡ್ ಕಾನ್‌ಸ್ಟೇಬಲ್ ಲಕ್ಷ್ಮಯ್ಯ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಸ್ಟೂಲು ಎಳೆದುಕೊಂಡು ಕುಳಿತ. ಮಂಚದ ಮೇಲೆ ಜ್ಯೋತಿಲಕ್ಷ್ಮಿ ಮಲಗಿದ್ದಳು. ವಯಸ್ಸು ಇಪ್ಪತ್ತಮೂರು, ಎಡಹುಬ್ಬಿನ ಮೇಲೆ ಮೂರು ಹೊಲಿಗೆ. ಮಂಚದ ತಲೆದೆಸೆಯಲ್ಲಿ ಅವಳ ಅತ್ತೆ ಅಶ್ವತ್ಥಮ್ಮ ಎಲೆಅಡಿಕೆ ಜಗಿಯುತ್ತ ಕಾವಲಿದ್ದಳು. ಪಕ್ಕದ ಮಂಚದಲ್ಲಿ ಮಗುವೊಂದು ಇಂಜೆಕ್ಷನ್ನಿಗೆ ಮುಂಚಿತವಾಗಿಯೇ ಅಳುತ್ತಿತ್ತು.

"ಯಾರಮ್ಮಾ ಹೊಡೆದಿದ್ದು?" ಎಂದು ಲಕ್ಷ್ಮಯ್ಯ ಕೇಳಿದ.

ಜ್ಯೋತಿಲಕ್ಷ್ಮಿ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ಬಾಗ್ಲಪ್ಪಾ!"

ಲಕ್ಷ್ಮಯ್ಯ ಬರೆದುಕೊಂಡ: ಬಾಗಲಪ್ಪ.

"ಯಾರ ಮಗ ಅವ್ನು?"

ಮಗುವಿನ ಅಳುವಿನ ನಡುವೆ ಅಶ್ವತ್ಥಮ್ಮನಿಗೆ ಪ್ರಶ್ನೆ ಅರ್ಧ ಕೇಳಿಸಿತು. "ಮಾಡಿದ್ದು ಜವರಪ್ಪ. ಈಗ ಅವ್ನಿಲ್ಲ, ತೀರ್ಕೊಂಡ."

"ವಯಸ್ಸು?"

"ನಮ್ಮತ್ತೆ ಕಾಲದ್ದು. ಎಪ್ಪತ್ತಾದ್ರೂ ಆಗಿರ್ತದೆ."

"ಯಾವ ಜಾತಿ?"

"ಹಲಸು ಕಣಪ್ಪಾ. ಇನ್ನೂ ಗಟ್ಟಿಯಾಗೈತೆ."

"ಈಗೆಲ್ಲವ್ನೆ?"

"ಮನೇಲೇ ಐತೆ. ಅದೆಲ್ಲೋಯ್ತದೆ?"

ಮುದುಕನನ್ನು ಅದು ಇದು ಎನ್ನುತ್ತಾಳೆಂದರೆ ಮನೆಯಲ್ಲಿ ಅವನಿಗೆ ಮರ್ಯಾದೆ ಇಲ್ಲವೆಂದು ಲಕ್ಷ್ಮಯ್ಯ ತಿಳಿದುಕೊಂಡ. ಹೇಳಿಕೆಯ ಕೆಳಗೆ ಅಶ್ವತ್ಥಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಠಾಣೆಗೆ ಮರಳಿದ.

ಸಬ್ ಇನ್ಸ್‌ಪೆಕ್ಟರ್ ನರೇಶ್ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದವನು. ಹೇಳಿಕೆಯನ್ನು ಎರಡು ಸಲ ಓದಿದ.

"ಬಾಗಲಪ್ಪ ಬಿನ್ ಲೇಟ್ ಜವರಪ್ಪ, ಎಪ್ಪತ್ತು ವರ್ಷ, ಹಲಸು ಜಾತಿ. ಹಲಸು ಅನ್ನೋ ಜಾತಿ ಇದೆಯೇನ್ರೀ?"

"ಈಚೆಗೆ ಪಟ್ಟಿಗೆ ಸೇರ್ಸಿರ್ಬೇಕು ಸಾರ್," ಎಂದ ಲಕ್ಷ್ಮಯ್ಯ.

ಜೀಪು ಕುಂದಾಣ ದಾಟಿ ಜ್ಯೋತಿಲಕ್ಷ್ಮಿಯ ಗಂಡನ ಹಳ್ಳಿ ಸೇರಿತು. ಅರಳಿಕಟ್ಟೆಯ ಮುಂದೆ ಲಕ್ಷ್ಮಯ್ಯ ಇಳಿದು ಕೂಗಿದ: "ಬಾಗಲಪ್ಪ ಅನ್ನೋನು ಯಾವನ್ಲಾ ಇಲ್ಲಿ?"

ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಮುದುಕನೊಬ್ಬ ಎದ್ದು ನಿಂತ. "ಬಾಗಲಪ್ಪ ಅಂತ ಯಾರೂ ಇಲ್ಲ ಬುದ್ಧಿ. ನಾನು ಬೈಲಪ್ಪ."

"ವಯಸ್ಸೆಷ್ಟು?"

"ಎಪ್ಪತ್ತು."

"ಸರೋಯ್ತು. ನಿಂದು ಹಲಸಾ?"

"ನಮ್ಮದು ಮಾವಿನ ತೋಪು ಬುದ್ಧಿ. ಹಲಸು ಬದೂನಾಗೆ ಒಂದೇ ಇರೋದು. ಅದ್ರಲ್ಲೂ ಕಾಯಿಲ್ಲ."

"ಒಂದಿದ್ರೂ ಹಲಸೇ. ಜೀಪು ಹತ್ತು."

ನರೇಶ್ ಅವನನ್ನು ಬಿಡಿಸುವಷ್ಟರಲ್ಲಿ ಜ್ಯೋತಿಲಕ್ಷ್ಮಿಯ ಗಂಡ ದೇವೇಂದ್ರ ಬಂದ. ಅದೇ ತಾಲೂಕಿನ ವಿಜಯಪುರದ ರೇಷ್ಮೆ ಹುರಿ ಮಿಲ್ಲಿನಲ್ಲಿ ಮೇಸ್ತ್ರಿ. ಅಂದು ಕೆಲಸಕ್ಕೆ ಹೋಗಿರಲಿಲ್ಲ.

"ಬಾಗಲಪ್ಪ ಅಲ್ಲ ಸಾರ್, ಬಾಗ್ಲು. ನಮ್ಮ ಮನೆ ಬಾಗ್ಲು. ತಲೆ ಹೊಡ್ಕೊಂಡ್ಲು."

ಲಕ್ಷ್ಮಯ್ಯನ ಮುಖ ಸಪ್ಪಗಾಯಿತು. "ಹಂಗಾದ್ರೆ ಆಕಸ್ಮಿಕ ಅಂತ ಬರ್ದು ಮುಗಿಸ್ಬಿಡೋಣ ಸಾರ್. ಸಾಯಂಕಾಲ ಆ ಹೆಣ್ಮಗಳನ್ನ ಆಸ್ಪತ್ರೆಯಿಂದ ಬಿಡ್ತಾರೆ, ಮನೆಗೆ ಬರ್ತಾಳೆ."

ನರೇಶನನ್ನು ತಡೆದದ್ದು ಈ ಕೊನೆಯ ಮಾತೇ. ಆಕಸ್ಮಿಕವೆಂದು ಬರೆದರೆ ಆ ಹುಡುಗಿ ಇಂದು ರಾತ್ರಿ ಮಲಗಬೇಕಾದದ್ದು ಇವನದೇ ಮನೆಯಲ್ಲಿ. ಅವನು ದೇವೇಂದ್ರನ ಮನೆಗೆ ನಡೆದು, ಜೀಪಿನಿಂದ ಅಳತೆಯ ಟೇಪು ತರಿಸಿದ. ಬಾಗಿಲಿನ ಮೇಲಿನ ಅಡ್ಡಪಟ್ಟಿ ನೆಲದಿಂದ ಐದು ಅಡಿ ಎರಡು ಅಂಗುಲ ಎತ್ತರದಲ್ಲಿತ್ತು.

"ನಿನ್ನ ಹೆಂಡ್ತಿ ಎಷ್ಟು ಎತ್ತರ?"

"ನಮ್ಮ ಪಿಳ್ಳಮ್ಮನಷ್ಟೇ ಸಾರ್."

ಪಕ್ಕದ ಮನೆಯ ಪಿಳ್ಳಮ್ಮನನ್ನು ಕರೆದು ಅಳೆದರು: ನಾಲ್ಕು ಅಡಿ ಹತ್ತು ಅಂಗುಲ. ನೆಟ್ಟಗೆ ನಡೆದರೂ ತಲೆ ತಗುಲದೆ ಬಾಗಿಲು ದಾಟಿದಳು.

"ಅವ್ಳು ಎಗರಿದ್ಲು ಸಾರ್," ಎಂದ ದೇವೇಂದ್ರ.

"ಯಾಕೆ?"

"ಇಲಿ."

ನರೇಶ್ ಅಡ್ಡಪಟ್ಟಿಯ ಕೆಳಭಾಗಕ್ಕೆ ವಿಭೂತಿ ಕಲಸಿ ಬಳಿಸಿದ. "ಎಗರಮ್ಮ."

"ಗಂಡಸ್ರ ಮುಂದೆ ಎಂಗೆ ಎಗರ್ಲಿ ಸ್ವಾಮಿ? ಮೊದ್ಲು ನಿಮ್ಮೋರು ಎಗರ್ಲಿ," ಎಂದಳು ಪಿಳ್ಳಮ್ಮ.

ಲಕ್ಷ್ಮಯ್ಯ ಟೋಪಿ ತೆಗೆದು ಎಗರಿದ. ಅವನು ಬಾಗಿಲಿಗಿಂತ ಎತ್ತರದವನೆಂಬುದನ್ನು ಆ ಕ್ಷಣದಲ್ಲಿ ಅವನೂ ನರೇಶನೂ ಮರೆತಿದ್ದರು. ಶಬ್ದ ಕೇಳಿ ಕೊಟ್ಟಿಗೆಯ ಎಮ್ಮೆ ಎದ್ದು ನಿಂತಿತು. ಆಮೇಲೆ ಪಿಳ್ಳಮ್ಮ ಸೆರಗು ಸಿಕ್ಕಿಸಿ ಎಗರಿದಳು. ನೋಡುತ್ತ ನಿಂತಿದ್ದ ಇನ್ನಿಬ್ಬರು ಹೆಂಗಸರೂ ಬಿಟ್ಟಾರೆಯೇ, ಎಗರಿದರು. ವಿಭೂತಿ ಎಲ್ಲರಿಗೂ ನಡುನೆತ್ತಿಯಲ್ಲೇ ಹತ್ತಿತು. ಹುಬ್ಬಿಗೆ ಒಬ್ಬರಿಗೂ ಇಲ್ಲ.

"ಅವ್ಳು ಮೇಲಕ್ಕೆ ನೋಡ್ತಾ ಎಗರಿದ್ಲು ಸಾರ್."

"ಇಲಿ ನೆಲದ ಮೇಲಿತ್ತಲ್ವೇನಯ್ಯ?"

"ಸೂರಲ್ಲಿತ್ತು."

"ಸೂರಲ್ಲಿರೋ ಇಲಿಗೆ ಹೆದರಿ ಸೂರಿನ ಕಡೆಗೇ ಎಗರಿದ್ಲಾ?"

"ಬೆಕ್ಕಿರ್ಬೇಕು ಬಿಡಿ ಸಾರ್ ಅವ್ಳು!" ಎಂದ ಬೈಲಪ್ಪ. ಅಂಗಳವೆಲ್ಲ ನಕ್ಕಿತು. ದೇವೇಂದ್ರ ಮಾತ್ರ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತ.

ಬಾಗಿಲು ನಿರ್ದೋಷಿ ಎಂದು ಸಾಬೀತಾಯಿತು. ಆದರೆ ಒಂದು ವಸ್ತು ಹೊಡೆಯಲಿಲ್ಲ ಎಂದ ಮಾತ್ರಕ್ಕೆ ಹೊಡೆದದ್ದು ಯಾವುದೆಂದು ಗೊತ್ತಾಗುವುದಿಲ್ಲ. ಅದು ಗೊತ್ತಿದ್ದವಳು ಆಸ್ಪತ್ರೆಯಲ್ಲಿದ್ದಳು. ಅವಳು ಈವರೆಗೆ ಒಂದು ಮಾತನ್ನೂ ಆಡಿಲ್ಲವೆಂಬುದು ನರೇಶನಿಗೆ ಹೇಳಿಕೆಯನ್ನು ಮೂರನೆಯ ಸಲ ಓದಿದಾಗ ಹೊಳೆಯಿತು.

ವಾರ್ಡಿನಲ್ಲಿ ಅಶ್ವತ್ಥಮ್ಮ ಅಲುಗಾಡದೆ ಕುಳಿತಿದ್ದಳು. ನರೇಶ್ ನರ್ಸ್ ಪ್ರಮೋದಾಳ ಕಿವಿಯಲ್ಲಿ ಏನೋ ಹೇಳಿದ.

"ಅಮ್ಮಾ, ನಿಮ್ಮ ಬಿ.ಪಿ. ನೋಡ್ಬೇಕು, ಬನ್ನಿ," ಎಂದಳು ಪ್ರಮೋದಾ.

"ನಂಗೇನಾಗೈತೆ? ಕಲ್ಲಿದ್ದಂಗಿದ್ದೀನಿ."

"ಕಲ್ಲಿನಂಗಿರೋರ್ಗೇ ಮೊದ್ಲು ಬರೋದು."

ಅಶ್ವತ್ಥಮ್ಮ ಎದ್ದಳು. ಅವಳನ್ನು ಹೊರಗಿನ ಕೋಣೆಗೆ ಕರೆದೊಯ್ದು ಪ್ರಮೋದಾ ಬಾಗಿಲು ಹಾಕಿಕೊಂಡಳು.

ನರೇಶ್ ನೇರವಾಗಿ ಪ್ರಶ್ನೆ ಕೇಳಲಿಲ್ಲ. "ನಮ್ಮ ಲಕ್ಷ್ಮಯ್ಯ ಬರ್ಕೊಂಡಿರೋದನ್ನ ಓದ್ತೀನಿ, ಸರಿಯಾಗಿದ್ಯಾ ಹೇಳಮ್ಮ," ಎಂದು ಶುರು ಮಾಡಿದ. ಬಾಗಲಪ್ಪನ ತನಕ ಅವಳು ಸುಮ್ಮನಿದ್ದಳು. ಎಪ್ಪತ್ತು ವರ್ಷಕ್ಕೆ ತುಟಿ ಕಚ್ಚಿದಳು. ಹಲಸು ಜಾತಿ ಎಂದಾಗ ನಗು ತಡೆಯಲಾಗಲಿಲ್ಲ. ಹೊಲಿಗೆ ಎಳೆದು ನೋವಾಯಿತು. ಹುಬ್ಬು ಹಿಡಿದುಕೊಂಡೇ ನಕ್ಕಳು. ನಗು ಮುಗಿದರೂ ಕಣ್ಣೀರು ನಿಲ್ಲಲಿಲ್ಲ.

"ಬಾಗ್ಲಲ್ಲ ಸಾರ್. ಊಟದ ಕ್ಯಾರಿಯರ್ರು. ಕಟ್ಕೊಡೋದು ತಡ ಆಯ್ತು, ಬಸ್ ಹೊರಟೋಯ್ತು. ನಮ್ಮನೆಯೋರು ಅದನ್ನೇ ಎತ್ತಿ ಹೊಡೆದ್ರು."

"ಬೆಳಿಗ್ಗೇನೇ ಯಾಕಮ್ಮ ಹೇಳ್ಲಿಲ್ಲ?"

"ನನ್ನ ಯಾರು ಕೇಳಿದ್ರು ಸಾರ್?"

ಲಕ್ಷ್ಮಯ್ಯ ಬಾಗಿಲು ಬಡಿದು ಊದಿದ್ದ ತಲೆ ಸವರಿಕೊಂಡು ಕಿಟಕಿಯ ಕಡೆ ನೋಡಿದ.

"ಇದೇ ಮೊದಲ ಸಲಾನಾ?" ಎಂದ ನರೇಶ್.

"ಯುಗಾದಿಗೆ ಬಾವಿ ಮೆಟ್ಲು ಹೊಡೀತು. ಸಂಕ್ರಾಂತಿಗೆ ಎಮ್ಮೆ."

"ಎಮ್ಮೆ ಹೆಸ್ರೂ ಬರ್ಕೊಳ್ಲಾ ಸಾರ್?" ಎಂದ ಲಕ್ಷ್ಮಯ್ಯ.

"ಈ ಸಲ ಮನುಷ್ಯನ ಹೆಸ್ರು ಬರ್ಕೊಳ್ರೀ," ಎಂದ ನರೇಶ್.

ಹೊಸ ಹೇಳಿಕೆಯಲ್ಲಿ ಆರೋಪಿ ದೇವೇಂದ್ರ. ಹೆಂಡತಿಗೆ ಹಿಂಸೆ ಕೊಟ್ಟದ್ದಕ್ಕೆ ಕಲಂ ನಾನೂರ ತೊಂಬತ್ತೆಂಟು ಎ. ಜ್ಯೋತಿಲಕ್ಷ್ಮಿ ಒಂದೊಂದು ಸಾಲನ್ನೂ ಓದಿಸಿ ಕೇಳಿ, ತಾನೇ ಸಹಿ ಹಾಕಿದಳು. ಪೆನ್ನು ವಾಪಸು ಕೊಡುವಾಗ ಮೆಲ್ಲಗೆ ಕೇಳಿದಳು: "ಈಗ ನನ್ನ ಎಲ್ಲಿಗೆ ಕಳಿಸ್ತೀರಾ ಸಾರ್?"

"ನೀನೆಲ್ಲಿಗೆ ಅಂತೀಯೋ ಅಲ್ಲಿಗೆ."

"ದೊಡ್ಡಬಳ್ಳಾಪುರ. ನಮ್ಮಮ್ಮನ ಮನೆ."

ಸಾಯಂಕಾಲ ಆಸ್ಪತ್ರೆಯಿಂದ ಬಿಟ್ಟ ಮೇಲೆ ಜೀಪು ಅವಳನ್ನು ಕೂರಿಸಿಕೊಂಡು ಮೊದಲು ಹಳ್ಳಿಗೆ ಹೋಯಿತು. ಪಿಳ್ಳಮ್ಮ ಮತ್ತು ಬೈಲಪ್ಪ ಮಹಜರಿನ ಸಾಕ್ಷಿಗೆ ಪಂಚರಾಗಿ ನಿಂತರು. ಲಕ್ಷ್ಮಯ್ಯ ಒಳಗಿಂದ ಕ್ಯಾರಿಯರ್ ತಂದು ಬಟ್ಟೆ ಸುತ್ತಿ ಮೊಹರು ಮಾಡಿದ. ತಳದ ಡಬ್ಬಿ ನೆಗ್ಗಿತ್ತು. ದೇವೇಂದ್ರನನ್ನು ಇಬ್ಬರು ಪೇದೆಗಳು ಬಸ್ಸಿನಲ್ಲೇ ಠಾಣೆಗೆ ಕರೆದೊಯ್ದರು. ಈ ಸಲ ಬಸ್ಸು ತಪ್ಪಲಿಲ್ಲ.

ಜ್ಯೋತಿಲಕ್ಷ್ಮಿ ಎರಡು ಸೀರೆ, ಒಂದು ಬಾಚಣಿಗೆ, ತಾಯಿ ಕೊಟ್ಟಿದ್ದ ಹಿತ್ತಾಳೆ ಚೊಂಬು ತೆಗೆದುಕೊಂಡು ಮತ್ತೆ ಜೀಪು ಹತ್ತಿದಳು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮಗ್ಗಗಳ ಸದ್ದಿಗೆ ಜೀಪು ಬಂದದ್ದು ಯಾರಿಗೂ ಕೇಳಿಸಲಿಲ್ಲ. ಅವಳೇ ಇಳಿದು ಒಳಗೆ ಹೋದಳು. ನರೇಶ್ ಮೀಟರು ನೋಡಿ ಡೈರಿಯಲ್ಲಿ ಬರೆದುಕೊಂಡ. ಗಂಡನ ಮನೆಯಿಂದ ತವರುಮನೆಗೆ ಹದಿನೆಂಟು ಕಿಲೋಮೀಟರು ಆರುನೂರು ಮೀಟರು.