ಎದುರುಪಕ್ಷದ ಟೀಚರು

ಅವರ ಮಾತಿಗೆ ಹೌದು ಎಂದು ತಪ್ಪಿಸಿಕೊಂಡವರು ಊರಿನಲ್ಲಿ ಯಾರೂ ಇರಲಿಲ್ಲ. "ಇವತ್ತು ಬಿಸಿಲು ಜಾಸ್ತಿ ಅಲ್ವಾ ಟೀಚರ್" ಎಂದರೆ "ಬಟ್ಟೆ ಒಣಗಿಸೋರಿಗೆ ಒಳ್ಳೇದಾಯ್ತಲ್ಲ" ಎನ್ನುವರು. ಸರಿ ಬಿಡಿ, ಬಟ್ಟೆ ಚೆನ್ನಾಗಿ ಒಣಗಿತು ಎಂದು ಸಮಾಧಾನಪಟ್ಟುಕೊಂಡರೆ "ರಸ್ತೆಗೆ ಡಾಂಬರು ಹಾಕೋರನ್ನ ಒಂದು ಮಾತು ಕೇಳಿ ನೋಡಿ" ಎನ್ನುವರು. ತರಕಾರಿ ಅಂಗಡಿಯಲ್ಲಿ ಪಕ್ಕದ ಮನೆಯಾಕೆ ಚೌಕಾಸಿಗಿಳಿದರೆ ಇವರು ಅಂಗಡಿಯವನ ವಕಾಲತ್ತು ವಹಿಸಿ ಲಾರಿ ಬಾಡಿಗೆ, ಕೊಳೆತು ಹೋಗುವ ಮಾಲು ಎಲ್ಲವನ್ನೂ ವಿವರಿಸುವರು; ಅದರಿಂದ ಉಬ್ಬಿದ ಅಂಗಡಿಯವನು ಬೆಲೆಯನ್ನು ಇನ್ನಷ್ಟು ಏರಿಸಹೊರಟರೆ ಆ ಕ್ಷಣವೇ ಪಕ್ಷ ಬದಲಿಸಿ ಅವನ ತಕ್ಕಡಿಯ ಕಡೆ ಕಣ್ಣು ಹಾಯಿಸುವರು. ಇಬ್ಬರಿಗೂ ಅವರು ಯಾರ ಕಡೆಯವರೆಂಬುದು ಕೊನೆಗೂ ತಿಳಿಯುತ್ತಿರಲಿಲ್ಲ. ಹೀಗಾಗಿ ಶಾಲೆಯಲ್ಲಿ, ಬೀದಿಯಲ್ಲಿ, ಅವರದೇ ಮನೆಯಲ್ಲಿ ಕೂಡ ಅವರಿಗೆ ಎದುರುಪಕ್ಷದ ಟೀಚರು ಎಂಬ ಹೆಸರು ಖಾಯಂ ಆಗಿತ್ತು.

ಏಳನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ಕುಳ್ಳಗಿನ ದೇಹ, ಬಸ್ಸು ಹೊರಟೇ ಹೋಯಿತೇನೋ ಎಂಬಂತಹ ನಡಿಗೆ. ಕಪ್ಪು ಹಲಗೆಯಿಂದ ಕಿಟಕಿಯವರೆಗೆ ಹೋಗುವಾಗಲೂ ಅದೇ ಧಾವಂತ. ಸೀರೆಯ ಮೇಲೆ ತೀರಿಕೊಂಡ ಮಾವನವರ ಕಂದು ಕೋಟು. ತೋಳು ಉದ್ದವಾಗಿ ಬೆರಳ ತುದಿಯಷ್ಟೇ ಕಾಣುತ್ತಿದ್ದರೂ ಅದರ ಜೇಬುಗಳ ವಿಶಾಲತೆಗೆ ಮಾರುಹೋಗಿ ಯಾವ ಋತುವಿನಲ್ಲೂ ಅದನ್ನು ಬಿಟ್ಟವರಲ್ಲ. ಆ ಜೇಬುಗಳಲ್ಲಿ ವೃತ್ತಪತ್ರಿಕೆಯ ತುಣುಕುಗಳು ಮಡಿಕೆಮಡಿಕೆಯಾಗಿ ತುಂಬಿರುತ್ತಿದ್ದವು: ಎಡ ಜೇಬಿನಲ್ಲಿ ಒಂದು ವಾದ, ಬಲ ಜೇಬಿನಲ್ಲಿ ಅದರ ಖಂಡನೆ. ಒಮ್ಮೆ ಅತ್ತೆಯವರು ಕೋಟನ್ನು ಜಾಡಿಸಿ ಒಗೆಯಲು ಹಾಕಿದಾಗ ಎರಡು ಜೇಬಿನ ಸರಕೂ ಕಲಸಿಹೋಗಿ, ಒಂದು ವಾರದ ಪಾಠವೇ ಅಸ್ತವ್ಯಸ್ತವಾಯಿತು.

ಶುಕ್ರವಾರದ ಕೊನೆಯ ಪೀರಿಯಡ್ಡು ಅವರ ಪಾಲಿಗೆ ಸಾಮ್ರಾಜ್ಯ. ಅಂದು ಪಠ್ಯಪುಸ್ತಕ ಚೀಲದೊಳಗೆ. ಮಕ್ಕಳು ಊರಿನದೊಂದು ಪ್ರಶ್ನೆಯನ್ನು ಎತ್ತಿಕೊಂಡು, ಮಾಹಿತಿ ಕಲೆಹಾಕಿ, ಎರಡು ಬಣಗಳಾಗಿ ವಾದಿಸಬೇಕು. ಕೆರೆಗೆ ಬೇಲಿ ಬೇಕೇ, ಬೀದಿನಾಯಿಗಳನ್ನು ಏನು ಮಾಡಬೇಕು, ಶಾಲೆಗೆ ಮೊಬೈಲು ತರಬಹುದೇ. ಯಾವ ಬಣಕ್ಕೆ ಯಾರು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುವರು. ವಾದ ರಂಗೇರಿದಾಗ ಇದ್ದಕ್ಕಿದ್ದಂತೆ ಚಪ್ಪಾಳೆ ತಟ್ಟಿ "ಈಗ ಜಾಗ ಬದಲಾಯಿಸಿ" ಎನ್ನುವರು. ಒಂದು ನಿಮಿಷದ ಹಿಂದೆ ಮೇಜು ಗುದ್ದಿ ಹೇಳಿದ್ದನ್ನು ಈಗ ಮೇಜು ಗುದ್ದಿಯೇ ಅಲ್ಲಗಳೆಯಬೇಕಾದ ಸಂಕಟದಲ್ಲಿ ಮಕ್ಕಳು ಮೊದಮೊದಲು ಬಾಯಿಬಾಯಿ ಬಿಡುತ್ತಿದ್ದರು. ಆಮೇಲಾಮೇಲೆ ಅದರ ರುಚಿ ಹತ್ತಿತು.

ಅವರಿಗೆ ಆಗದ ಶಬ್ದವೊಂದಿತ್ತು: ಎಲ್ಲರೂ. "ಎಲ್ಲರಿಗೂ ತಿಳಿದಿರುವಂತೆ ಮೊಬೈಲಿನಿಂದ ಕಣ್ಣು ಹಾಳಾಗುತ್ತದೆ" ಎಂದು ಓದಿದವನನ್ನು ತಡೆದು, "ಆ ಎಲ್ಲರಲ್ಲಿ ಒಬ್ಬರನ್ನ ಕರ್ಕೊಂಡು ಬಾ ಮರಿ" ಎಂದರು. ಅವನು ಓಡಿಹೋಗಿ ಶಾಲೆಯ ಕಾವಲುಗಾರನನ್ನು ಕೈಹಿಡಿದು ತಂದ. ಕಾವಲುಗಾರ ಟೋಪಿ ತೆಗೆದು, "ನಂಗೇನೂ ಗೊತ್ತಿಲ್ಲಮ್ಮ, ನಾನು ಗೇಟ್ ಹತ್ರಾನೇ ಇದ್ದೆ" ಎಂದು ಪ್ರಮಾಣ ಮಾಡುವವನಂತೆ ನುಡಿದ. ಇನ್ನೊಬ್ಬ ಅಂತರ್ಜಾಲದಿಂದ ಭಟ್ಟಿಯಿಳಿಸಿ "ನಮ್ಮ ಊರಿನ ಬಂದರಿನ ಸ್ವಚ್ಛತೆ" ಎಂದು ಬರೆದುತಂದ. ಸಮುದ್ರ ನೋಡಬೇಕೆಂದರೆ ಒಂದಿಡೀ ದಿನ ರೈಲಿನಲ್ಲಿ ಕೂರಬೇಕಾದ ಊರು ಅದು. ಟೀಚರು ಬೈಯಲಿಲ್ಲ. ಅವನನ್ನು ಗೇಟಿನವರೆಗೆ ಕರೆದೊಯ್ದು, ಹುಬ್ಬಿಗೆ ಅಂಗೈ ಅಡ್ಡಹಿಡಿದು ನಾಲ್ಕು ದಿಕ್ಕಿಗೂ ನೋಡಿ, "ಹಡಗು ಇನ್ನೂ ಬಂದ ಹಾಗಿಲ್ಲ" ಎಂದರು. ಅವನಿಗೇ ನಗು ತಡೆಯಲಾಗಲಿಲ್ಲ.

ಇಂಥ ಟೀಚರು ಒಂದೇ ಒಂದು ಸಲ ಜಾರಿದರು.

ಊರಿನಲ್ಲೊಂದು ಹಳೆಯ ವಾಚನಾಲಯವಿತ್ತು. ದಪ್ಪ ಗೋಡೆ, ಎತ್ತರದ ಕಿಟಕಿ, ಮೊಣಕೈ ಊರಿ ಊರಿ ನಯವಾದ ಉದ್ದನೆಯ ಮೇಜು. ಪುರಸಭೆಯವರು ಅದನ್ನು ಮುಚ್ಚಿ, ಪುಸ್ತಕಗಳನ್ನು ಬಸ್ ನಿಲ್ದಾಣದ ಮೇಲಂತಸ್ತಿಗೆ ಸಾಗಿಸಲು ಯೋಚಿಸಿ, ಸಾರ್ವಜನಿಕರ ಅಭಿಪ್ರಾಯ ಕೇಳಲು ಸಭೆ ಕರೆದರು. ಶಾಲೆಯ ಮಕ್ಕಳೂ ಬಂದು ಮಾತಾಡಬಹುದೆಂದರು. ಟೀಚರಿಗೆ ಎದೆಗೆ ಕೈಹಾಕಿದಂತಾಯಿತು. ಬಾಲ್ಯದ ಬೇಸಿಗೆಗಳನ್ನೆಲ್ಲ ಅವರು ಕಳೆದದ್ದು ಆ ಮೇಜಿನ ಮುಂದೆ. ಜಗತ್ತು ದೊಡ್ಡದೆಂದು ಮೊದಲು ಗೊತ್ತಾದದ್ದು ಅಲ್ಲಿ.

ಆ ಶುಕ್ರವಾರ ತರಗತಿಯಲ್ಲಿ ನಾಣ್ಯ ಚಿಮ್ಮಲಿಲ್ಲ. "ಈ ಸಲ ಎರಡು ಬಣ ಬೇಡ. ವಾಚನಾಲಯ ಅಲ್ಲೇ ಇರಬೇಕು ಅನ್ನೋದಕ್ಕೆ ಸಾಕ್ಷಿ ಹುಡುಕ್ಕೊಂಡು ಬನ್ನಿ" ಎಂದರು. ಮಕ್ಕಳು ಮುಖಮುಖ ನೋಡಿಕೊಂಡರು.

ಮುಂದಿನ ವಾರ ವರದಿಗಳು ಬಂದವು. ಗೋಡೆ ತಂಪಾಗಿದೆ, ಮೇಜು ಚೆನ್ನಾಗಿದೆ, ಗ್ರಂಥಪಾಲಕರು ಸಜ್ಜನರು. ಕೊನೆಯಲ್ಲಿ ಎದ್ದು ನಿಂತವಳು ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ. ಬಸ್ಸು ತಿರುಗುವ ಜಾಗದಲ್ಲಿ ಅವಳ ಮನೆಯಾದ್ದರಿಂದ ಗೆಳತಿಯರು ಅವಳನ್ನು "ಲಾಸ್ಟ್ ಸ್ಟಾಪ್" ಎಂದೇ ಕರೆಯುತ್ತಿದ್ದರು. ಜಡೆಯ ತುದಿಯನ್ನು ಬಾಯಿಂದ ತೆಗೆದು ಅವಳು ಹೇಳಿದಳು: "ಮಿಸ್, ನಾನು ಆ ಕಡೆ ಮಾತಾಡಲ್ಲ."

"ಯಾಕೆ?"

"ನೀವು ಹೇಳಿದ್ರಿ ಅಂತ ಮೊನ್ನೆ ಮೊದಲನೇ ಸಲ ಒಳಗೆ ಹೋದೆ. ಅಷ್ಟು ದೂರ ಹೋಗಿ ಬರೋಷ್ಟರಲ್ಲಿ ಬಸ್ ಹೋಗಿತ್ತು. ಮುಂದಿನ ಬಸ್ಸಿಗೆ ಮನೆ ಸೇರೋಷ್ಟರಲ್ಲಿ ಕತ್ತಲಾಗಿ ಅಪ್ಪ ಬೈದ್ರು. ದಿನಾ ಬಸ್ ಸ್ಟ್ಯಾಂಡಲ್ಲಿ ಸುಮ್ನೆ ನಿಂತಿರ್ತೀನಲ್ಲ ಮಿಸ್, ವಾಚನಾಲಯ ಅಲ್ಲೇ ಬಂದ್ರೆ..."

"ಕೂತ್ಕೋ" ಎಂದರು ಟೀಚರು.

ಮಗುವೊಂದರ ಮಾತನ್ನು ಅವರು ನಡುವೆ ಕತ್ತರಿಸಿದ್ದು ಅದೇ ಮೊದಲು. ಅವಳು ಕೂತಳು, ಜಡೆ ಮತ್ತೆ ಬಾಯಿಗೆ ಹೋಯಿತು.

ಅಂದು ಸಂಜೆ ಟೀಚರು ಬಟಾಣಿ ಬಿಡಿಸುತ್ತಿದ್ದ ಅತ್ತೆಯ ಮುಂದೆ ಕುಕ್ಕರಿಸಿ ಕೂತು ಎಲ್ಲವನ್ನೂ ತೋಡಿಕೊಂಡರು. ಗಂಡ ಬಲ್ಲವರು, ಪತ್ರಿಕೆಯನ್ನು ಅಗಲವಾಗಿ ಬಿಡಿಸಿ ಅದರ ಹಿಂದೆ ಮರೆಯಾದರು. ಅತ್ತೆ ಸಾಮಾನ್ಯರಲ್ಲ. ಇಷ್ಟು ವರ್ಷ ಈ ಸೊಸೆಯೊಡನೆ ಒಂದೇ ಸೂರಿನಡಿ ಬಾಳಿ ಅವರ ಮಾತೂ ಮೊನಚಾಗಿತ್ತು. ಎಂದಿನಂತೆ ಒಂದು ಜಟಾಪಟಿಯಾಗುವುದೆಂದು ಕಾದರೆ ಅವರು ಬಟಾಣಿಯಿಂದ ಕಣ್ಣೆತ್ತದೆ, "ನೀನು ಹೇಳೋದೇ ಸರಿ ಕಣೇ" ಎಂದರು.

"ಏನು ಸರಿ?"

"ಎಲ್ಲಾನೂ. ಮಕ್ಕಳಿಗೇನು ಗೊತ್ತಾಗುತ್ತೆ. ದೊಡ್ಡೋರು ಹೇಳಿದ್ದನ್ನ ಕೇಳ್ಕೊಂಡು ಬಿದ್ದಿರಬೇಕು."

"ಅದು ಹೇಗೆ ಅತ್ತೆ? ಅವಳೇನು ಸುಳ್ಳು ಹೇಳಲಿಲ್ಲವಲ್ಲ."

"ಇರಬಹುದು. ಆದ್ರೂ ಒಬ್ಬ ಹುಡುಗಿ ಬಸ್ಸಿಗೋಸ್ಕರ ವಾಚನಾಲಯ ಎತ್ತಿಡೋಕಾಗುತ್ತಾ?"

"ಒಬ್ಬಳೇ ಯಾಕೆ? ಆ ರೂಟಲ್ಲಿ ಎಷ್ಟು ಮಕ್ಕಳು ಬರ್ತಾರೆ ಗೊತ್ತಾ ನಿಮಗೆ? ಕೆಲಸ ಮುಗಿಸ್ಕೊಂಡು ಬಸ್ಸಿಗೆ ಕಾಯೋ ಹೆಂಗಸರು? ಅವರು ಯಾವತ್ತಾದ್ರೂ ಆ ಕಡೆ ತಲೆ ಹಾಕೋಕಾಗುತ್ತಾ? ಸಂಜೆ ಆಗ್ತಿದ್ದ ಹಾಗೆ ಬೀಗ ಹಾಕ್ತಾರಲ್ಲಿ. ಮೂಲೇಲಿ ನೀರು ಸೋರಿ ಎಷ್ಟು ಪುಸ್ತಕ..."

ಅಷ್ಟಕ್ಕೆ ಟೀಚರು ತಟ್ಟನೆ ಮಾತು ನಿಲ್ಲಿಸಿದರು. ಪತ್ರಿಕೆ ಸಣ್ಣಗೆ ಅಲುಗಿತು. ಅತ್ತೆ ಸಿಪ್ಪೆಯನ್ನು ಒಂದು ಕಡೆ ಸರಿಸುತ್ತ, "ಮುಂದೆ?" ಎಂದರು.

ಅಕ್ಕರೆಯ ಆ ಮೇಜಿನ ವಿರುದ್ಧ ತಾನೇ ಇಷ್ಟು ನಿರರ್ಗಳವಾಗಿ ವಾದಿಸಿದ್ದೇನೆಂದು ಕಂಡು ಅವರಿಗೆ ನಗು ಬಂತು; ತಾವೂ ಒಂದು ಹಿಡಿ ಬಟಾಣಿ ಎತ್ತಿಕೊಂಡು ಬಿಡಿಸತೊಡಗಿದರು.

ಮರುದಿನ ಆ ಹುಡುಗಿಯನ್ನು ಕರೆದು, "ನಿನ್ನೆ ನಿನ್ನ ಮಾತು ಮುಗಿಯೋಕೆ ಬಿಡಲಿಲ್ಲ. ತಪ್ಪಾಯ್ತು ಪುಟ್ಟಿ. ಈಗ ಹೇಳು" ಎಂದರು. ಅವಳು ಹೇಳಿದಳು. ಟೀಚರು ಕೇಳಿದರು, ಕೇಳಿ ಅದನ್ನು ನುಚ್ಚುನೂರು ಮಾಡಿದರು. "ಬಸ್ ತಪ್ಪುತ್ತೆ ಅನ್ನೋದು ನಿನ್ನ ಕಷ್ಟ. ಊರಿನ ಕಷ್ಟ ಹೇಗಾಗುತ್ತೆ? ಹೋಗಿ ಕೇಳಿದೀಯಾ?" ಕೇಳಿರಲಿಲ್ಲ. ಸಂಜೆ ಇಬ್ಬರೂ ಬಸ್ ನಿಲ್ದಾಣದ ಬೆಂಚುಗಳ ನಡುವೆ ಓಡಾಡಿ ಕಾಯುತ್ತಿದ್ದವರನ್ನು ಮಾತಾಡಿಸಿದರು. ಬಟ್ಟೆ ಕಾರ್ಖಾನೆಯ ಹೆಂಗಸೊಬ್ಬಳು "ಪುಸ್ತಕಕ್ಕೆ ದುಡ್ಡು ಕೊಡಬೇಕಾ?" ಎಂದು ಕೇಳಿ, ಬೇಡವೆಂದು ತಿಳಿದಾಗ ಅಪನಂಬಿಕೆಯಿಂದ ನೋಡಿದಳು. ಮುದುಕರೊಬ್ಬರು ಮೆಟ್ಟಿಲು ಹತ್ತಲಾರೆನೆಂದರು. "ಅದನ್ನೂ ಬರ್ಕೋ. ನಿನಗೆ ಬೇಡದ್ದನ್ನ ಮೊದಲು ಬರ್ಕೋ" ಎಂದರು ಟೀಚರು. ಅಷ್ಟರಲ್ಲಿ ಬಸ್ಸೊಂದು ಕಿವಿ ಕಿತ್ತುಹೋಗುವಂತೆ ಹಾರನ್ ಹೊಡೆಯಿತು.

"ಈ ಗಲಾಟೇಲಿ ಓದೋದು ಹೇಗೆ ಅಂತ ನಾನು ಸಭೇಲಿ ಕೇಳ್ತೀನಿ. ಏನು ಹೇಳ್ತೀಯಾ?"

"ನೀವು ಕೇಳ್ತೀರಾ ಮಿಸ್?"

"ಮತ್ತೆ? ನಾನು ಆ ಕಡೆ ತಾನೇ."

ಹುಡುಗಿ ಒಂದು ಗಳಿಗೆ ಯೋಚಿಸಿದಳು. "ನಾನು ದಿನಾ ಬಸ್ಸೊಳಗೇ ಓದ್ತೀನಲ್ಲ ಮಿಸ್. ಅದರೊಳಗಿರೋಷ್ಟು ಗಲಾಟೆ ಹೊರಗಡೆ ಇರಲ್ಲ."

ಟೀಚರು ಬೇರೆಡೆ ತಿರುಗಿ ನಕ್ಕರು.

ಸಭೆಯ ದಿನ ಟೀಚರು ಮೊದಲು ಮಾತಾಡಿದರು, ಮತ್ತು ಮಾತಿನಲ್ಲಿ ಒಂದಿಷ್ಟೂ ರಿಯಾಯಿತಿ ತೋರಲಿಲ್ಲ. ನಿಶ್ಶಬ್ದವೂ ಒಂದು ಸಾರ್ವಜನಿಕ ಸ್ವತ್ತು, ಅದನ್ನು ಕೊಂಡುಕೊಳ್ಳಲಾರದವರಿಗಾಗಿ ಊರು ಒಂದು ಕೋಣೆಯನ್ನಾದರೂ ಉಳಿಸಿಕೊಳ್ಳಬೇಕು ಎಂದಾಗ ಹಿರಿಯರು ಕಣ್ಣೊರೆಸಿಕೊಂಡರು. ಬಳಿಕ ಹುಡುಗಿ ಎದ್ದಳು. ಮೊದಲ ವಾಕ್ಯವನ್ನು ಕಾಗದ ನೋಡಿ ಓದಿದಳು, ಎರಡನೆಯದನ್ನು ನೋಡದೆ ಹೇಳಿದಳು, ಮೂರನೆಯದರಿಂದ ಅವಳನ್ನು ಹಿಡಿಯುವವರಿಲ್ಲ. ಮೆಟ್ಟಿಲು ಹತ್ತಲಾರದ ಮುದುಕರ ಮಾತನ್ನು ತಾನೇ ಎತ್ತಿ, ಅಂಥವರಿಗೆ ಕೆಳಗಡೆಯೇ ಒಂದು ಕಪಾಟು ಇಡಿ ಎಂದಳು. ಗಲಾಟೆಯ ಪ್ರಶ್ನೆಗೆ ಬಸ್ಸಿನ ಉತ್ತರ ಕೊಟ್ಟಳು. ಸಭೆ ಕಿವಿ ನೆಟ್ಟಗೆ ಮಾಡಿ ಕೂತಿತ್ತು.

ಅಧ್ಯಕ್ಷರಿಗೆ ಸಂಶಯ ಬಂತು. "ಬಹಳ ಚೆನ್ನಾಗಿದೆ ಮರಿ. ಇದನ್ನ ನಿನಗೆ ಯಾರು ಬರ್ಕೊಟ್ರು?"

"ಬರೆದಿದ್ದು ನಾನೇ ಸರ್. ಎಲ್ಲೆಲ್ಲಿ ಸೋಲ್ತೀನಿ ಅಂತ ಹೇಳಿಕೊಟ್ಟಿದ್ದು ನಮ್ಮ ಮಿಸ್ಸು."

"ಯಾವ ಮಿಸ್ಸಮ್ಮ?"

"ಈಗ ನನ್ನ ವಿರುದ್ಧ ಮಾತಾಡಿದ್ರಲ್ಲ, ಅವರೇ."

ನಗು ಸಭಾಂಗಣದ ಹಿಂದಿನ ಸಾಲಿನಿಂದೆದ್ದು ವೇದಿಕೆಯವರೆಗೂ ಉರುಳಿ ಬಂತು. ಟೀಚರು ಕೋಟಿನ ತೋಳಿನೊಳಗೆ ಬೆರಳು ಮರೆಸಿಕೊಂಡು ಛಾವಣಿ ನೋಡುತ್ತಿದ್ದರು.

ವಾಚನಾಲಯ ಬಸ್ ನಿಲ್ದಾಣಕ್ಕೆ ಹೋಯಿತು. ಕೆಳಗಡೆ ಕಪಾಟೂ ಬಂತು. ಟೀಚರ ವಾದಕ್ಕೆ ಮನ್ನಣೆಯಾಗಿ ರಸ್ತೆಯ ಕಡೆಯ ಕಿಟಕಿಗಳಿಗೆ ದಪ್ಪ ಗಾಜು ಹಾಕಿಸಿದರು, ಉದ್ದನೆಯ ಮೇಜನ್ನು ಮೆಟ್ಟಿಲ ಮೇಲೆ ಹೊತ್ತು ಸಾಗಿಸಲು ಕೂಲಿಯವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಟೀಚರಿಗೆ ದುಃಖವಾಗಲಿಲ್ಲವೆಂದರೆ ಸುಳ್ಳಾದೀತು. ಕೆಲವು ದಿನ ಅವರು ಹಳೆಯ ಕಟ್ಟಡದ ಬೀದಿಯನ್ನೇ ತಪ್ಪಿಸಿ ಸುತ್ತುಬಳಸಿ ನಡೆದರು. ಆಮೇಲೊಂದು ಸಂಜೆ ಹೊಸ ಜಾಗಕ್ಕೆ ಹತ್ತಿಹೋದರೆ ಮೇಜಿನ ಸುತ್ತ ಕೂರಲು ಜಾಗವೇ ಇರಲಿಲ್ಲ. ಬಟ್ಟೆ ಕಾರ್ಖಾನೆಯ ಹೆಂಗಸು ಸರಿದು ಅರ್ಧ ಕುರ್ಚಿ ಬಿಟ್ಟುಕೊಟ್ಟಳು. ಮನೆಗೆ ಬಂದು, "ಬೆಳಕು ಸಾಲದು, ಗ್ರಂಥಪಾಲಕರಿಗೆ ನಿದ್ದೆ ಮಾಡೋಕೂ ಬಿಡ್ತಿಲ್ಲ ಪಾಪ" ಎಂದು ದೂರಿದರು. ಅತ್ತೆ ಬಟಾಣಿಯ ಮೊರವನ್ನು ಸೊಸೆಯ ಮುಂದೆ ಸರಿಸಿದರು.

ಇಂಥವರೊಡನೆ ಬಾಳುವುದು ಸುಖವೆಂದು ಯಾರೂ ಹೇಳಲಾರರು. ಅವರ ಮನೆಗಳಲ್ಲಿ ಯಾವ ಮಾತೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಅವರ ಸ್ನೇಹದಲ್ಲಿ ಬೆನ್ನು ತಟ್ಟುವುದಕ್ಕಿಂತ ತೋಳು ಹಿಡಿದು ನಿಲ್ಲಿಸುವುದೇ ಹೆಚ್ಚು. ತಮ್ಮ ಪ್ರೀತಿಯ ವಸ್ತು ಪಣದಲ್ಲಿರುವಾಗ ಎದುರಾಳಿಯ ಮಾತಿಗೆ ಸಾಣೆ ಹಿಡಿದು ಕೊಡುವ ಈ ಜನಕ್ಕೆ ವ್ಯವಹಾರ ತಿಳಿಯದೆಂದು ಲೋಕ ಮರುಗುತ್ತದೆ. ಆದರೆ ಅವರ ಕೈಯಲ್ಲಿ ಕಲಿತವರು ಬೆಳೆದು ಎಲ್ಲೆಲ್ಲೋ ಚದುರಿದ ಮೇಲೆ, ಯಾವುದೋ ಕಚೇರಿಯಲ್ಲೋ ಕುಟುಂಬದ ಜಗಳದಲ್ಲೋ ಬಾಯಿತುದಿಗೆ ಬಂದ ಬಿರುಸು ಮಾತನ್ನು ಒಂದು ಉಸಿರಿನಷ್ಟು ಹೊತ್ತು ತಡೆದು, ಎದುರಿನ ಕುರ್ಚಿಯವನಿಗೆ ಇದು ಹೇಗೆ ಕೇಳಿಸೀತು ಎಂದು ಯೋಚಿಸುತ್ತಾರೆ. ಹಾಗೆ ಯೋಚಿಸುವುದನ್ನು ತಮಗೆ ಯಾರು ಕಲಿಸಿದರೆಂಬುದು ಅವರಿಗೆ ನೆನಪಿರಲಿಕ್ಕಿಲ್ಲ. ನೆನಪಿಲ್ಲದಷ್ಟು ಸಹಜವಾಗಿ ಕಲಿಸಿಬಿಡುವುದೇ ಈ ಜನರ ಕಸುಬು.