ಇಸ್ತ್ರಿ–ಕತ್ತರಿ ಜೋಡಿ

ನಮ್ಮ ಯಜಮಾನರು ತೀರಿಕೊಂಡು ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕತ್ತರಿ ಬಂದು ಬಾಗಿಲಲ್ಲಿ ನಿಂತ. ಕತ್ತರಿ ಎಂದರೆ ಮೂಲೆಯಂಗಡಿಯಲ್ಲಿ ಕ್ಷೌರ ಮಾಡುವವನು. ಊರಿನ ಅರ್ಧ ತಲೆಗಳು ಅವನ ಕೈಯಲ್ಲಿವೆ. ಅವನ ಸ್ವಂತ ತಲೆಯಲ್ಲಿ ಮಾತ್ರ ಹುಡುಕಿದರೆ ಹನ್ನೊಂದು ಕೂದಲು. ಅವನೂ ಯಜಮಾನರೂ ಇಪ್ಪತ್ತು ವರ್ಷ, ಒಂದು ಭಾನುವಾರವೂ ತಪ್ಪಿಸದೆ, ಪಾರ್ಕಿಗೆ ಹೋಗಿ ತಟ್ಟೆ ಎಸೆದವರು.

"ಅತ್ತಿಗೇ, ಒಂದ್ ಮಾತು ಹೇಳ್ಬೇಕಿತ್ತು," ಎಂದ.

"ಹೇಳು. ಹೆಂಡ್ತಿ ಮನೆಯಿಂದ ಓಡಿಸಿದ್ಲಾ?"

"ಅದಲ್ಲ. ಹಲಗೆ ಮೇಲಿಂದ ನಮ್ ಹೆಸ್ರು ಅಳಿಸ್ತಾರಂತೆ."

ನಾನು ನಗುವುದನ್ನು ನಿಲ್ಲಿಸಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ಆಟಕ್ಕೆ ಡಿಸ್ಕ್ ಗಾಲ್ಫ್ ಎನ್ನುತ್ತಾರೆ. ಚೆಂಡಿನ ಬದಲು ತಟ್ಟೆ, ಗುಂಡಿಯ ಬದಲು ಬುಟ್ಟಿ. ಒಂದು ಕಂಬ, ಕಂಬಕ್ಕೆ ಕಬ್ಬಿಣದ ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿದ್ದ ಸರಪಳಿಗಳು. ಎಸೆದ ತಟ್ಟೆ ಸರಪಳಿಗೆ ಬಡಿದು ಬುಟ್ಟಿಯೊಳಗೆ ಬೀಳಬೇಕು. ಬೀಳದಿದ್ದರೆ ಅದು ಬಿದ್ದ ಜಾಗದಿಂದ ಮತ್ತೆ ಎಸೆಯಬೇಕು. ಪಾರ್ಕಿನಲ್ಲಿ ಇಂಥ ಒಂಬತ್ತು ಬುಟ್ಟಿಗಳಿವೆ. ಕಡಿಮೆ ಎಸೆತದಲ್ಲಿ ಒಂಬತ್ತನ್ನೂ ಮುಗಿಸಿದವರು ಗೆದ್ದ ಹಾಗೆ. ಮೀಸೆ ನರೆತ ಗಂಡಸರು ತಟ್ಟೆ ಎಸೆಯುವುದು, ಅದರ ಹಿಂದೆ ತಾವೇ ನಡೆಯುವುದು, ಬಗ್ಗಿ ಎತ್ತಿಕೊಂಡು ಮತ್ತೆ ಎಸೆಯುವುದು. "ಒಂದು ನಾಯಿ ಸಾಕಿದ್ರೆ ಅದಾದ್ರೂ ತಂದ್ಕೊಡ್ತಿತ್ತಲ್ರೀ," ಎಂದು ನಾನು ಕೋಟಿ ಸಲ ಹಂಗಿಸಿದ್ದೇನೆ.

ಅವರು ಸಿಟ್ಟಾಗುತ್ತಿರಲಿಲ್ಲ. "ಒಂದ್ಸಲ ಬಾರೇ. ಆ ಸರಪಳಿ ಸದ್ದೊಂದು ಕೇಳು ಸಾಕು," ಎನ್ನುತ್ತಿದ್ದರು.

"ಸರಪಳಿ ಸದ್ದು ಕೇಳೋಕೆ ನಾನೇನು ಜೈಲು ಕಾಯೋಳಾ?" ಎನ್ನುತ್ತಿದ್ದೆ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಹೋಗಲಿಲ್ಲ.

ಪಾರ್ಕಿನ ಮಾಲಿಯ ಶೆಡ್ಡಿನಲ್ಲಿ ಒಂದು ಕರಿ ಹಲಗೆ ಇದೆ. ಅದರ ಮೇಲೆ ಎಂಟು ಜೋಡಿಗಳ ಹೆಸರು. ವರ್ಷಕ್ಕೊಮ್ಮೆ ಪಂದ್ಯ. ಕೊನೆಗೆ ಬಂದ ಜೋಡಿಯ ಹೆಸರನ್ನು ಮಾಲಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಕಾಯುತ್ತಿರುವ ಹೊಸ ಜೋಡಿಗೆ ಜಾಗ ಕೊಡುತ್ತಾನೆ. ಪಂದ್ಯಕ್ಕೆ ಬಾರದವರದ್ದೂ ಹಾಗೆಯೇ. ಉಳಿದವರು ಮಾಸಿದ ತಮ್ಮ ಹೆಸರಿನ ಮೇಲೆ ತಾವೇ ಸೀಮೆಸುಣ್ಣದಿಂದ ಮತ್ತೊಮ್ಮೆ ತಿದ್ದಬೇಕು. ಕತ್ತರಿಯ ಜೋಡಿಯ ಹೆಸರು 'ಇಸ್ತ್ರಿ–ಕತ್ತರಿ'. ಇಸ್ತ್ರಿ ಎಂದರೆ ಯಜಮಾನರು; ಹಲಗೆಯ ಮೇಲೆ ಬರೆದವರೂ ಅವರೇ.

"ಕರೆಂಟಿನವನು ನನ್ ಜೊತೆ ಆಡ್ತೀನಿ ಅಂತಾನೆ," ಎಂದ ಕತ್ತರಿ. "ಆದ್ರೆ ಆಗ ಹೆಸ್ರು ಕರೆಂಟು–ಕತ್ತರಿ ಅಂತಾಗತ್ತೆ. ಇಸ್ತ್ರಿ ಇರಲ್ಲ. ನಿಮ್ಗೆ ಹೇಳ್ದೆ ಒಪ್ಕೊಳ್ಳೋದು ಸರಿ ಅನ್ನಿಸ್ಲಿಲ್ಲ."

ಅಂದು ಮಧ್ಯಾಹ್ನ ನಾನು ಮೊದಲ ಸಲ ಆ ಪಾರ್ಕಿಗೆ ಹೋದೆ. ಎರಡನೇ ಕ್ಲಾಸು ದಾಟದವಳು ನಾನು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಆದರೂ ಎಂಟು ಹೆಸರುಗಳ ನಡುವೆ ಅವರ ಕೈಬರಹ ದೂರದಿಂದಲೇ ಗೊತ್ತಾಯಿತು. ಪ್ರತಿ ಗೀಟಿನ ಕೊನೆಯೂ ಮೇಲಕ್ಕೆದ್ದು ನಿಂತಿತ್ತು, ಹಾಲು ಕಂಡ ಬೆಕ್ಕು ಬಾಲ ಎತ್ತಿದ ಹಾಗೆ. ಬೆರಳು ಹತ್ತಿರ ಒಯ್ದೆ. ಮುಟ್ಟಲಿಲ್ಲ. ಮುಟ್ಟಿದರೆ ಅಷ್ಟು ಅಕ್ಷರ ಬೆರಳಿಗೆ ಬಂದುಬಿಡುತ್ತದೆ.

ಅವರ ಬಟ್ಟೆ ಕೊಟ್ಟಿದ್ದೆ, ಚಪ್ಪಲಿ ಕೊಟ್ಟಿದ್ದೆ. ಮನೆಯಲ್ಲಿ ಅವರ ಕೈಬರಹದ ಒಂದು ಚೀಟಿಯೂ ಇರಲಿಲ್ಲ. ಒಂದೇ ಲಾಂಡ್ರಿಯಲ್ಲಿ ಎದುರುಬದುರು ಮೇಜಿನಲ್ಲಿ ಮೂವತ್ತಾರು ವರ್ಷ ಇಸ್ತ್ರಿ ಮಾಡಿದವರು, ಯಾರು ಯಾರಿಗೆ ಕಾಗದ ಬರೆಯಬೇಕು?

ಸೀದಾ ಕತ್ತರಿಯ ಅಂಗಡಿಗೆ ಹೋದೆ. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿಯ ಮುಂದೆಯೇ ಹೇಳಿದೆ: "ಇಸ್ತ್ರಿ ನಾನೂ ಅಲ್ವೇನೋ? ನಾನೇ ಆಡ್ತೀನಿ."

"ಅತ್ತಿಗೇ! ಪಂದ್ಯಕ್ಕೆ ಇನ್ನು ಹತ್ತೇ ವಾರ ಇರೋದು!"

"ಹತ್ತು ವಾರದಲ್ಲಿ ದೇವ್ರು ಹತ್ತು ಪ್ರಪಂಚ ಮಾಡ್ತಾನೆ. ನೀನು ಮೊದ್ಲು ಅವರ ಗಡ್ಡ ಮುಗ್ಸು, ಸೋಪು ಒಣಗ್ತಿದೆ."

ಕಲಿಯುವುದು ಬಾಯಿಯಲ್ಲಿ ಹೇಳಿದಷ್ಟು ಸುಲಭವಾಗಿರಲಿಲ್ಲ. ನಾನು ಎಸೆದ ತಟ್ಟೆ ಮುಂದಕ್ಕೆ ಹೋಗುವ ಬದಲು ನೆಟ್ಟಗೆ ಮೇಲಕ್ಕೆ ಏರುತ್ತಿತ್ತು. ಅಲ್ಲಿ ಸ್ವಲ್ಪ ಹೊತ್ತು ನಿಂತು ಊರೆಲ್ಲ ನೋಡಿ, ತಿರುಗಿ ನನ್ನ ಕಾಲ ಬಳಿಯೇ ಬಂದು ಬೀಳುತ್ತಿತ್ತು. ಒಂದು ಸಲ ನನ್ನನ್ನೂ ದಾಟಿ ಹಿಂದಕ್ಕೆ ಹೋಯಿತು. ಬುಟ್ಟಿಗೆ ಇನ್ನಷ್ಟು ದೂರವಾಯಿತು.

"ಮೂತಿ ಎತ್ಬೇಡಿ ಅತ್ತಿಗೆ," ಎಂದ ಕತ್ತರಿ. "ತಟ್ಟೆ ಮುಂದಿನ ಅಂಚು ಎದ್ರೆ ಗಾಳಿ ಹಿಡ್ಕೊಂಡುಬಿಡತ್ತೆ."

"ನಾನೆಲ್ಲಿ ಎತ್ತಿದೆ?"

"ಕೈ ಕೊನೆಗೆ ಬರೋವಾಗ ಎತ್ತೇ ಎತ್ತುತ್ತೀರಿ. ನೋಡಿ, ಮತ್ತೆ!"

ಅವನು ಹೇಳಿದ್ದು ನಿಜ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಉದ್ದಕ್ಕೆ ಎಳೆದಾಗ ಕೊನೆಯಲ್ಲಿ ಅದರ ಮೂತಿ ಒಂದಿಷ್ಟು ಎತ್ತಲೇಬೇಕು. ಎತ್ತದಿದ್ದರೆ ಗುಂಡಿಗೆ ಸಿಕ್ಕಿಕೊಳ್ಳುತ್ತದೆ, ಬಟ್ಟೆ ಮುದುಡುತ್ತದೆ, ಸುಟ್ಟ ಕಲೆ ಬೀಳುತ್ತದೆ. ಮೂವತ್ತಾರು ವರ್ಷ, ದಿನಕ್ಕೆ ಕಡಿಮೆ ಎಂದರೂ ಸಾವಿರ ಅಂಗಿ. ಆ ಕೈಗೆ ಈಗ ಎತ್ತಬೇಡ ಎಂದರೆ ಕೇಳುತ್ತದೆಯೇ?

"ಅಣ್ಣಂಗೂ ಇದೇ ರೋಗ ಇತ್ತು," ಎಂದ ಕತ್ತರಿ, ಪೊದೆಯಿಂದ ನನ್ನ ತಟ್ಟೆ ಎಳೆಯುತ್ತಾ. "ಎರಡು ವರ್ಷ ಒದ್ದಾಡಿದ್ರು. ಆಮೇಲೆ ಇದ್ದಕ್ಕಿದ್ದಂಗೆ ಬಾಣದ ಥರ ಎಸೆಯೋಕೆ ಶುರು ಮಾಡಿದ್ರು. ಹೆಂಗಣ್ಣಾ ಅಂದ್ರೆ, ಮನೇಲಿ ಮೇಷ್ಟ್ರು ಇದಾರೆ ಅಂದ್ರು."

"ನಮ್ಮನೇಲಿ ಯಾವ ಮೇಷ್ಟ್ರು? ಗ್ಯಾಸಿನವನು ಬಿಟ್ರೆ ಯಾರೂ ಬರ್ತಿರ್ಲಿಲ್ಲ."

"ನಂಗೇನು ಗೊತ್ತು? ನಗ್ತಿದ್ರು, ಹೇಳ್ತಿರ್ಲಿಲ್ಲ."

ಆ ಮೇಷ್ಟ್ರು ಯಾರೆಂದು ಯೋಚಿಸಿ ಯೋಚಿಸಿ ನನ್ನ ತಲೆ ಬೆಂದುಹೋಯಿತು. ನಾಲ್ಕು ವಾರ ಕಳೆಯಿತು. ನನ್ನ ತಟ್ಟೆ ಆಕಾಶ ನೋಡುವುದನ್ನು ಬಿಡಲಿಲ್ಲ.

ಒಂದು ಸಂಜೆ ಹಗ್ಗದ ಮೇಲಿನ ದೊಡ್ಡ ಹಾಸಿಗೆ ಬಟ್ಟೆಯನ್ನು ಒಬ್ಬಳೇ ಮಡಿಸಲು ಹೋಗಿ, ಅದರೊಳಗೆ ಸಿಕ್ಕಿಕೊಂಡು ನಿಂತಿದ್ದೆ. ದೊಡ್ಡ ಬಟ್ಟೆ ಮಡಿಸಲು ಇಬ್ಬರು ಬೇಕು. ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು; ಎಳೆದು ಬಿಗಿ ಮಾಡಿದರೆ ಅರ್ಧ ಇಸ್ತ್ರಿ ಆದಂತೆಯೇ. ಲಾಂಡ್ರಿಯಲ್ಲೂ ಹಾಗೆ, ಮನೆಯಲ್ಲೂ ಹಾಗೆ, ಆ ತುದಿ ಯಾವಾಗಲೂ ಅವರದ್ದು.

ಆಗ ನೆನಪಾಯಿತು. ಒಂದು ಕಾಲದಲ್ಲಿ ಅವರಿಗೆ ಒಂದು ಹುಚ್ಚು ಹಿಡಿದಿತ್ತು. ಬಟ್ಟೆಯ ತುದಿಯನ್ನು ಎರಡು ಕೈಯಲ್ಲಿ ಹಿಡಿಯುವ ಬದಲು ಬಲಗೈಯೊಂದರಲ್ಲೇ ಹಿಡಿದು, ನನ್ನ ಕಡೆ ಬೆನ್ನು ಮಾಡಿ, ಎದೆಯ ಮುಂದೆ ಕೈ ಹಾಯಿಸಿ ಆಚೆಗೆ ಎಳೆಯುತ್ತಿದ್ದರು.

"ಇದೇನ್ರೀ ಇದು, ಮುಖ ತಿರುಗಿಸ್ಕೊಂಡು ಬಟ್ಟೆ ಹಿಡಿಯೋದು? ನನ್ ಮುಖ ನೋಡೋಕೆ ಬೇಜಾರಾ?" ಎಂದು ಬೈದಿದ್ದೆ.

"ನೀನು ಗಟ್ಟಿಯಾಗಿ ಹಿಡ್ಕೊಳ್ಳೇ. ಬಿಡ್ಬೇಡ. ನಾನು ಹೇಳ್ದಾಗ ಬಿಡು."

"ಮಡ್ಸಿ ಆಯ್ತಲ್ಲ!"

"ಇನ್ನೊಂದ್ಸಲ. ಇದೊಂದೇ ಸಲ."

ಒಂದೊಂದು ಸಂಜೆ ಹತ್ತು, ಹದಿನೈದು ಸಲ. ಒಲೆಯ ಮೇಲೆ ಸಾರು ಸೀದುಹೋಗುತ್ತಿದೆ ಎಂದು ನಾನು ಕೂಗಾಡುತ್ತಿದ್ದೆ.

ಬಟ್ಟೆಯೊಳಗೇ ನಿಂತುಬಿಟ್ಟೆ. ಮೇಷ್ಟ್ರು ಯಾರೆಂದು ಗೊತ್ತಾಯಿತು. ನನಗೇ ಗೊತ್ತಿಲ್ಲದ ಹಾಗೆ ನಾನು ಕಲಿಸಿದ್ದೆ, ಬೈದು ಬೈದು ಕಲಿಸಿದ್ದೆ. ಹೇಳಿದ್ದರೆ ಇನ್ನೂ ಹತ್ತು ಸಲ ಹಿಡಿಯುತ್ತಿರಲಿಲ್ಲವೇ? ಹಿಡಿಯುತ್ತಿರಲಿಲ್ಲ ಬಿಡಿ. ಅದಕ್ಕೂ ಹಂಗಿಸುತ್ತಿದ್ದೆ.

ಬಟ್ಟೆಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಬೆನ್ನು ಮಾಡಿ ನಿಂತು, ಎಳೆದು ನೋಡಿದೆ. ಹಿಂದಿನ ತುದಿಯನ್ನು ಯಾರಾದರೂ ಹಿಡಿದಿದ್ದರೆ ಕೈ ಮೇಲೇಳಲು ಆಗುವುದೇ ಇಲ್ಲ! ಬಟ್ಟೆ ಕೈಯನ್ನು ಎದೆಯ ಮಟ್ಟದಲ್ಲೇ ಹಿಡಿದಿಡುತ್ತದೆ. ಆದರೆ ಸರಳು ಸರಳೇ. ಅದು ಹಿಡಿಯುತ್ತದೆ, ಬಿಡಲು ಗೊತ್ತಿಲ್ಲ.

ಮರುದಿನ ಮಗಳು ಬಂದಳು. ಅವಳು ಬಸ್ ಓಡಿಸುವವಳು. ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಬರುತ್ತಾಳೆ.

"ಹಿಡ್ಕೋ ಇದನ್ನ," ಎಂದು ತುದಿ ಕೊಟ್ಟೆ.

"ಏನಮ್ಮಾ ಇದು? ಬಟ್ಟೆ ಕೊಡ್ತೀಯ, ಬೆನ್ನು ತೋರಿಸ್ತೀಯ. ನನ್ ಮೇಲೆ ಕೋಪಾನಾ?"

ನಾನು ಹೇಳಿದ್ದ ಮಾತನ್ನೇ ಹೆಚ್ಚು ಕಡಿಮೆ ಹಾಗೆಯೇ ಹೇಳಿದಳು. "ಬಾಯಿ ಮುಚ್ಕೊಂಡು ಹಿಡ್ಕೊಳ್ಳೇ. ಬಿಡು ಅಂದಾಗ ಬಿಡು."

ದಿನವೂ ಇಪ್ಪತ್ತು ಸಲ. ಅವಳು ಹಾರನ್ ಹೊಡೆದಂತೆ ಬಾಯಲ್ಲೇ ಸದ್ದು ಮಾಡಿ ಬಿಡುತ್ತಿದ್ದಳು. ಆಮೇಲೆ ಪಾರ್ಕಿನಲ್ಲಿ, ತಟ್ಟೆ ಹಿಡಿದು ನಿಂತಾಗ, ಹಿಂದಿನಿಂದ ಯಾರೋ ತುದಿ ಹಿಡಿದಿದ್ದಾರೆ ಎಂದುಕೊಂಡೇ ಎಳೆಯತೊಡಗಿದೆ. ಮೊದಲ ಸಲ ತಟ್ಟೆ ಮಟ್ಟಸವಾಗಿ ಹೋದಾಗ ಕತ್ತರಿ ಇದ್ದಬದ್ದ ಹನ್ನೊಂದು ಕೂದಲನ್ನೂ ಕಿತ್ತುಕೊಳ್ಳುವುದು ಬಾಕಿ.

"ಅತ್ತಿಗೇ! ಇದು ಅಣ್ಣನ ಎಸೆತ!"

ನಾನು ಮಾತಾಡಲಿಲ್ಲ. ನಾನು ಮಾತಾಡದಿದ್ದುದು ಅವನ ಜೀವಮಾನದಲ್ಲಿ ಅದೇ ಮೊದಲು ಎಂದು ಅವನು ಈಗಲೂ ಹೇಳುತ್ತಾನೆ.

ಪಂದ್ಯದ ದಿನ ಬಂತು. ಜೋಡಿಯಲ್ಲಿ ಒಂದು ಎಸೆತ ಒಬ್ಬರದ್ದು, ಮುಂದಿನದು ಇನ್ನೊಬ್ಬರದ್ದು. ನಾನು ಎಷ್ಟು ಕೆಡಿಸಿದರೂ ಕತ್ತರಿ ಸರಿಮಾಡುತ್ತಾ ಬಂದ. ಮೂರನೇ ಬುಟ್ಟಿಯಲ್ಲಿ ನನ್ನ ತಟ್ಟೆ ಮರದ ಮೇಲೆ ಕೂತಿತು. ಇಳಿಸಲು ಮಾಲಿ ಏಣಿ ತಂದ. ಒಂಬತ್ತನೇ ಬುಟ್ಟಿಗೆ ಬರುವಷ್ಟರಲ್ಲಿ ಆರು ಜೋಡಿಗಳು ನಮಗೆ ಸಿಗದಷ್ಟು ಮುಂದೆ. ಉಳಿದದ್ದು ನಾವು ಮತ್ತು ಬೀಗ–ಬ್ರೆಡ್ಡು, ಅಂದರೆ ಬೀಗ ರಿಪೇರಿಯವನು ಮತ್ತು ಬೇಕರಿಯವಳು. ಅವರು ಮುಗಿಸಿ ನಿಂತಿದ್ದರು.

ನಮ್ಮ ತಟ್ಟೆ ಬುಟ್ಟಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಎಸೆತ ನನ್ನದು. ಒಳಗೆ ಬಿದ್ದರೆ ಬೀಗ–ಬ್ರೆಡ್ಡಿಗಿಂತ ಒಂದು ಕಡಿಮೆ. ಬೀಳದಿದ್ದರೆ, ಮುಂದಿನದನ್ನು ಕತ್ತರಿ ಹಾಕಿದರೂ ಸಮ. ಸಮವಾದರೆ ಹಳೆಯ ಜೋಡಿ ಜಾಗ ಬಿಡಬೇಕು ಎನ್ನುವುದು ಆ ಹಲಗೆಯ ಕಟ್ಟಳೆ. ಮಾಲಿ ಆಗಲೇ ಬಟ್ಟೆ ಒದ್ದೆ ಮಾಡಿಕೊಂಡು ಬಂದಿದ್ದ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಜ್ಜೀ, ಕೈ ನಡುಗ್ತಿದೆಯಲ್ಲ," ಎಂದಳು ಬೇಕರಿಯವಳು.

"ನಿನ್ನ ಬನ್ನು ತಿಂದ ಮೇಲೆ ಯಾರ ಕೈ ನಡುಗಲ್ಲ ಹೇಳು. ಒಂದು ಬನ್ನು ಎಸೆದ್ರೆ ಗೋಡೆ ಬೀಳತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಲ ಭುಜವನ್ನು ಬುಟ್ಟಿಯ ಕಡೆ ಮಾಡಿ ನಿಂತೆ. ತಟ್ಟೆಯನ್ನು ಎದೆಯ ಮುಂದಿನಿಂದ ಹಿಂದಕ್ಕೆ ಒಯ್ದೆ. ಅಲ್ಲಿ ನಿಲ್ಲಿಸಿದೆ. ಹಿಂದೆ ತಿರುಗಿ ನೋಡಬೇಕು ಎನ್ನಿಸಿತು, ನೋಡಲಿಲ್ಲ. ನೋಡಿದರೆ ಬರೀ ಹುಲ್ಲು ಇರುತ್ತದೆ ಎಂದು ಗೊತ್ತಿತ್ತು. ನೋಡದಿದ್ದರೆ ಅವರು ಇದ್ದರು. ತುದಿ ಹಿಡಿದುಕೊಂಡಿದ್ದರು, ಬಿಗಿಯಾಗಿ, ಮೂವತ್ತಾರು ವರ್ಷ ಹಿಡಿದ ಹಾಗೆ. ಎಳೆದೆ. ಕೈ ಮೇಲೇಳಲಿಲ್ಲ.

ಬಿಡಿ ಎಂದೆ. ಬಾಯಿಬಿಟ್ಟು ಹೇಳಿದೆನೋ ಮನಸ್ಸಿನಲ್ಲಿ ಹೇಳಿದೆನೋ, ಕತ್ತರಿಯನ್ನು ಕೇಳಬೇಕು.

ಬಿಟ್ಟರು.

ಸರಪಳಿ ಸದ್ದು ಮಾಡಿತು. ನಾನು ಯಾವುದನ್ನೂ ಹಿಗ್ಗಿಸದೆ ಹೇಳಿದವಳಲ್ಲ. ಆದರೆ ಇದನ್ನು ಹೇಗೆ ಹಿಗ್ಗಿಸಲಿ? ಅದು ಸಣ್ಣ ಸದ್ದು. ಮನೆಗೆ ಬಂದವರು ಬೀಗದ ಕೈ ಗೊಂಚಲನ್ನು ಮೇಜಿನ ಮೇಲೆ ಇಡುತ್ತಾರಲ್ಲ, ಅಷ್ಟೇ. ಇಷ್ಟಕ್ಕೇ ಇಪ್ಪತ್ತು ವರ್ಷ ಬಾ ಬಾ ಎಂದು ಕರೆದರು. ಇಷ್ಟಕ್ಕೇ ನಾನು ಹೋಗಲಿಲ್ಲ.

ಮಾಲಿ ಬೀಗ–ಬ್ರೆಡ್ಡನ್ನು ಒರೆಸಿದ. ಬೇಕರಿಯವಳು ನನ್ನ ಕೆನ್ನೆ ಹಿಂಡಿ, "ಮುಂದಿನ ವರ್ಷ ನೋಡ್ಕೋತೀನಿ ಅಜ್ಜಿ," ಎಂದಳು. ಕತ್ತರಿ 'ಕತ್ತರಿ' ಎನ್ನುವುದರ ಮೇಲೆ ತಿದ್ದಿ, ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟ.

ಹಲಗೆಯ ಮುಂದೆ ನಿಂತೆ. ಅಕ್ಷರ ಮಾಸಿ ಹೊಗೆಯ ಹಾಗಾಗಿತ್ತು. ನಾನು ತಿದ್ದಿದರೆ ಅವರ ಗೀಟು ನನ್ನ ಗೀಟಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ತಿದ್ದದಿದ್ದರೆ ಮುಂದಿನ ವರ್ಷಕ್ಕೆ ಹಲಗೆಯಷ್ಟೇ ಇರುತ್ತದೆ.

"ಬೇಡಾಂದ್ರೆ ಬಿಡಿ ಅತ್ತಿಗೆ," ಎಂದ ಕತ್ತರಿ ಮೆಲ್ಲಗೆ. "ಮಾಲಿಗೆ ನಾನು ಹೇಳ್ತೀನಿ."

ನಾನು ಸೀಮೆಸುಣ್ಣವನ್ನು ಅವರು ಶುರು ಮಾಡಿದ ಕಡೆ ಊರಿದೆ. ಅವರು ಬಗ್ಗಿದ ಕಡೆ ಬಗ್ಗಿದೆ, ಸುತ್ತಿದ ಕಡೆ ಸುತ್ತಿದೆ. ಗೀಟಿನ ಕೊನೆಗೆ ಬಂದೆ. ನನ್ನ ಕೈ, ನಾನು ಹೇಳದೆಯೇ, ಮೇಲಕ್ಕೆದ್ದಿತು. ಬಾಲದ ಮೇಲೆ ಬಾಲ ಸರಿಯಾಗಿ ಕೂತಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬೆಕ್ಕಿನ ಬಾಲವಲ್ಲ ಅದು. ಇಸ್ತ್ರಿಯ ಕೈ.

"ಅತ್ತಿಗೇ, ಮತ್ತೆ ಮೂತಿ ಎತ್ತಿದ್ರಿ," ಎಂದ ಕತ್ತರಿ.

"ಇಲ್ಲಿ ಎತ್ಬೇಕು ಕಣೋ," ಎಂದೆ. "ನೀನು ಸುಮ್ನಿರು."

ಇನ್ನೂ ಒಂದೂವರೆ ಅಕ್ಷರ ಬಾಕಿ ಇತ್ತು. ಬೇಗ ಮುಗಿದುಹೋಗಬಾರದೆಂದು ನಿಧಾನವಾಗಿ ಎಳೆದೆ.