ಮೊದಲನೇ ಹಾಸಿಗೆಯ ಶೀಟು

"ಏಯ್, ಎದ್ದೇಳೇ ಮೇಲೆ! ಅದೇನು ನಿಮ್ಮಪ್ಪನ ಮನೆ ಮಂಚ ಅಂದ್ಕೊಂಡಿದ್ದೀಯಾ? ಪೇಷಂಟ್ ಕಡೆಯೋರು ಕೂರೋ ಬೆಂಚದು. ಕೊಳೆಬಟ್ಟೆ ಎತ್ತೋರಿಗೆ ಹಿಂದಿನ ಬಾಗಿಲಿದೆ, ಅಲ್ಲಿ ಸಾಯಿ ಹೋಗು!"

ದೊಡ್ಡ ನರ್ಸಮ್ಮ ಹೀಗೆ ಕಿರುಚಿದ್ದು ನನ್ನ ಸೊಸೆಯ ಮೇಲೆ. ತುಂಬಿದ ಬಸುರಿ. ಪಾಪ, ಅವಳು ಬೆಂಚಿನ ಮೇಲೆ ಸರಿಯಾಗಿ ಕೂತಿರಲೂ ಇಲ್ಲ. ಅದರ ತುದಿ ಹಿಡಿದು ಬಗ್ಗಿ ಉಸಿರು ಬಿಡುತ್ತಿದ್ದಳು.

"ಬಟ್ಟೆಗಲ್ಲ ತಾಯಿ ನಾವು ಬಂದಿದ್ದು, ಹೆರಿಗೆಗೆ. ಬೆಳಕು ಹರಿಯೋಕೆ ಮುಂಚಿಂದ ನೋವು ಇವಳಿಗೆ," ಎಂದೆ.

ಆ ಕಡೆಯಿಂದ ಹೋಗುತ್ತಿದ್ದ ಡಾಕ್ಟರಮ್ಮ ನಿಂತರು. ಕೋಟಿನ ಜೇಬಿನಿಂದ ಕೈ ತೆಗೆಯಲಿಲ್ಲ. ಮಹಾತಾಯಿ, ಕಣ್ಣಿನಲ್ಲೇ ಹೊಟ್ಟೆ ಮುಟ್ಟಿ ನೋಡಿ ಮುಗಿಸಿಬಿಟ್ಟರು.

"ಇದು ನೋವಲ್ಲ, ಗ್ಯಾಸು. ಇನ್ನೂ ದಿನ ಇದೆ. ಇವತ್ತು ಹೊಸ ವಾರ್ಡ್ ಓಪನಿಂಗು, ದೊಡ್ಡೋರು ಬರ್ತಿದ್ದಾರೆ, ಯಾರನ್ನೂ ಸೇರಿಸ್ಕೊಳ್ಳಲ್ಲ. ಮನೆಗೆ ಹೋಗಿ ಕೆಲಸ ಮಾಡ್ತಿರು, ತಾನೇ ಕಮ್ಮಿಯಾಗುತ್ತೆ."

ಕೆಲಸಕ್ಕೇನು ಬರ? ನರ್ಸಮ್ಮ ಅಲ್ಲೇ ಒಂದು ಕೊಳೆಗಂಟು ನನ್ನ ತಲೆಗೆ ಹೊರಿಸಿದಳು. ಅದರ ಮೇಲೆ ಒಂದು ಹೊಸ ಶೀಟು, ಮೂಲೆಯಲ್ಲಿ ಕೆಂಪು ದಾರದಲ್ಲಿ ಆಸ್ಪತ್ರೆಯ ಗುರುತಿನ ಹೂವು ಹೊಲಿದದ್ದು.

"ಇದು ಮೊದಲನೇ ಹಾಸಿಗೆಗೆ. ದೊಡ್ಡೋರ ಕೈಯಿಂದಲೇ ಬಿಡಿಸಿ ಹಾಸಿಸ್ತೀವಿ, ಫೋಟೋ ತೆಗೀತಾರೆ. ಸಂಜೆಯೊಳಗೆ ಗಂಜಿ ಹಾಕಿ ಇಸ್ತ್ರಿ ಆಗಿರ್ಬೇಕು. ಎಲ್ಲಾದ್ರೂ ಒಂದು ಕಲೆ ಕಂಡ್ರೆ ನಿಮ್ಮ ಚರ್ಮ ಸುಲೀತೀನಿ."

ಹೊರಬಂದಾಗ ನನ್ನ ಮಗ ಅದೇ ಆಸ್ಪತ್ರೆಯ ನೆತ್ತಿಯ ಮೇಲೆ ಏಣಿ ಹಾಕಿಕೊಂಡು ದೀಪದ ಸರ ಕಟ್ಟುತ್ತಿದ್ದ. ರಾತ್ರಿಯಿಂದ ಅಲ್ಲೇ ಇದ್ದವನಿಗೆ ನೋವು ಶುರುವಾದದ್ದು ಗೊತ್ತಿಲ್ಲ. ಗಂಟು ಕಂಡು, ಬಟ್ಟೆಗೆ ಬಂದಿದ್ದಾರೆ ಅಂದುಕೊಂಡು ಕೈ ಬೀಸಿದ. ಕರೆದು ಇಳಿಸಿದರೆ ಅವನ ಕೆಲಸ ಹೋಗುತ್ತದೆ. ಸೊಸೆಯೂ ಕೈ ಬೀಸಿದಳು, ಹಲ್ಲು ಕಚ್ಚಿಕೊಂಡು.

ಈ ಆಸ್ಪತ್ರೆಯಲ್ಲಿ ಹೆತ್ತ ಹೆಂಗಸರ ಮುಖ ನನಗೆ ಗೊತ್ತಿಲ್ಲ. ಅವರ ರಕ್ತ ಗೊತ್ತು. ಮದುವೆಯಾಗಿ ಬಂದಾಗಿನಿಂದ ಅದನ್ನೇ ತಣ್ಣೀರಿನಲ್ಲಿ ನೆನೆಸಿ, ಉಜ್ಜಿ, ದೊಣ್ಣೆಯಲ್ಲಿ ಬಡಿದು, ಕುದಿಸಿ, ಹಾಲಿನಂತೆ ಮಾಡಿ ಕೊಟ್ಟಿದ್ದೇನೆ. ನಮ್ಮದಿರುವುದು ಒಂದೇ ಕೋಣೆ. ಒಂದು ಮೂಲೆಯಲ್ಲಿ ಹಂಡೆ, ಇನ್ನೊಂದರಲ್ಲಿ ಇಸ್ತ್ರಿ ಮೇಜು, ನಡುವೆ ಹಗ್ಗದ ತುಂಬ ಅವರ ಶೀಟು. ನಾವು ಮಲಗುವುದು ಅವುಗಳ ಕೆಳಗೆ, ಮಿಕ್ಕ ಜಾಗದಲ್ಲಿ.

ಮಧ್ಯಾಹ್ನ ಕಳೆದಿತ್ತು. ಗಂಜಿ ಹಾಕಿ ಬಿಸಿಲಿಗೆ ಒಣಗಿಸಿದ ಹೊಸ ಶೀಟಿನ ಮೇಲೆ ಸೊಸೆ ಇಸ್ತ್ರಿ ಆಡಿಸುತ್ತಿದ್ದಳು. ನಾನು ಬೇಡವೆಂದರೂ ಕೇಳಲಿಲ್ಲ. ನಿಂತರೆ ನೋವು ತಡೆಯಬಹುದಂತೆ. ಇದ್ದಕ್ಕಿದ್ದಂತೆ ಅವಳ ಕಾಲಡಿ ನೆಲ ಒದ್ದೆಯಾಯಿತು.

"ಅಯ್ಯೋ, ಬಕೆಟ್ ಉರುಳಿಸಿಬಿಟ್ನಾ ಅತ್ತೆ?"

"ಬಕೆಟ್ ಅಲ್ಲ ಕಣೇ ಪೆದ್ದಿ, ನಿನ್ನ ನೀರೇ ಒಡೆದಿದೆ! ಇಡು ಆ ಇಸ್ತ್ರಿಪೆಟ್ಟಿಗೆ ಕೆಳಗೆ!"

"ಇದೊಂದು ಅಂಚು ಮುಗಿಸ್ಬಿಡ್ತೀನಿ..."

ಗ್ಯಾಸಂತೆ, ಗ್ಯಾಸು! ಆ ಡಾಕ್ಟರಮ್ಮನ ಓದಿಗಿಷ್ಟು ಬೆಂಕಿ ಹಾಕ. ನಾನು ಎರಡು ಹೆತ್ತಿದ್ದೇನೆ ನಿಜ, ಆದರೆ ಯಾರದನ್ನೂ ಹೆರಿಸಿದವಳಲ್ಲ. ಗೋಡೆ ಬಡಿದೆ. ಗೋಡೆಯಾಚೆಯವಳಿಗೂ ನನಗೂ ಬಟ್ಟೆ ಒಣಹಾಕುವ ಜಾಗಕ್ಕೆ ಜಗಳವಾಗಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಆದರೆ ಅವಳು ನಾಲ್ಕು ಹೆತ್ತವಳು, ತನ್ನ ತಂಗಿಯದೂ ಒಂದನ್ನು ಹಿಡಿದವಳು.

ಸೆರಗು ಸಿಕ್ಕಿಸಿಕೊಂಡು ಬಂದಳು. ನನ್ನ ಮುಖ ನೋಡದೆ, "ಬಾಗಿಲು ಹಾಕು. ದಾರ ಕುದಿಸು, ಬ್ಲೇಡೂ ಕುದಿಸು. ಕೈ ಸೋಪು ಹಾಕಿ ತೊಳ್ಕೋ," ಎಂದಳು. ಗಂಟಿಗೆ ಗುರುತು ಕಟ್ಟುವ ಲಾಡಿ ಹರಿದು ಹಂಡೆಗೆ ಹಾಕಿದೆ, ಹೊಸ ಬ್ಲೇಡನ್ನೂ ಹಾಕಿದೆ. ಅವರ ಬಟ್ಟೆಗೆಂದು ಬೆಳಗಿನಿಂದ ನೀರು ಕುದಿಯುತ್ತಲೇ ಇತ್ತು.

ಏನು ಹಾಸುವುದು? ನಮ್ಮ ಚಾಪೆಯಲ್ಲಿ ತಿಗಣೆ. ಹಗ್ಗದ ಮೇಲಿನ ಶೀಟು ಇನ್ನೂ ತೇವ. ಒಣಗಿದ, ಶುದ್ಧವಾದ ಬಟ್ಟೆಯೆಂದು ಕೈಗೆ ಸಿಕ್ಕಿದ್ದು ಮೇಜಿನ ಮೇಲಿನ ಹೊಸ ಶೀಟು. ಗೋಣಿಚೀಲದ ಮೇಲೆ ಅದನ್ನು ಹಾಸಿದೆ.

ಸೊಸೆ ಬೆಚ್ಚಿದಳು. "ಬೇಡ ಅತ್ತೆ, ತೆಗೀರಿ! ಬರೀ ಗೋಣಿ ಸಾಕು ನಂಗೆ. ಅದು ಮೊದಲನೇ ಹಾಸಿಗೇದು. ಕಲೆ ಆದ್ರೆ ಚರ್ಮ ಸುಲೀತಾರೆ!"

"ಸುಲೀಲಿ ಬಾ. ನನ್ನ ಚರ್ಮ ಹಳೇದು, ಅವರಿಗೆ ಚಪ್ಪಲಿಗೂ ಆಗಲ್ಲ. ಮಲಗ್ತೀಯೋ, ನಾಲ್ಕು ಬಿಡ್ಲೋ?"

ಮಲಗಿದಳು. ಗೋಡೆಯಾಚೆಯವಳು ಬಿಸಿನೀರು ಕೇಳಿದಳು. ಅಷ್ಟು ನೋವಿನಲ್ಲೂ ನನ್ನ ಸೊಸೆ, "ಬಿಸಿನೀರು ಬೇಡ್ರಕ್ಕಾ, ರಕ್ತದ ಕಲೆ ಕೂತ್ಬಿಡುತ್ತೆ!" ಎಂದಳು. ಗೋಡೆಯಾಚೆಯವಳು ಮೊದಲ ಸಲ ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ಬಂತು. ನನಗೆ ಹಿಂದೆಯೇ ಅಳುವೂ ಬಂತು.

ಆಗ ಗಲ್ಲಿಯಲ್ಲಿ ಹಾರ್ನ್ ಕೇಳಿಸಿತು. ಆಸ್ಪತ್ರೆಯ ಬಟ್ಟೆ ಗಾಡಿ. ಅದರ ಮೇಸ್ತ್ರಿಗೆ ನಾವಿಟ್ಟ ಹೆಸರು ಬಿಳಿಬೂಟು. ನಮ್ಮ ಹೊಸ್ತಿಲು ದಾಟುವುದಿಲ್ಲ, ಬೂಟು ಕೊಳೆಯಾಗುತ್ತದೆಂದು. ನಾನು ಓಡಿದೆ, ಅವನ ಕಾಲಿಗೆ ಬೀಳುವುದೊಂದು ಬಾಕಿ.

"ಅಣ್ಣಾ, ನಿನ್ನ ದಮ್ಮಯ್ಯ. ಸೊಸೆಗೆ ನೀರು ಒಡೆದಿದೆ. ಗಾಡಿ ಹೇಗೂ ಖಾಲಿ ಇದೆ, ಅವಳನ್ನ ಕರ್ಕೊಂಡು ಹೋಗು."

"ತಲೆ ಕೆಟ್ಟಿದ್ಯಾ ಮುದುಕಿ? ಇದು ಕ್ಲೀನ್ ಬಟ್ಟೆ ಗಾಡಿ. ಅವಳೇನಾದ್ರೂ ಇದರಲ್ಲಿ ಹೆತ್ರೆ ತೊಳೆಯೋರು ಯಾರು?"

"ಇನ್ಯಾರು ತೊಳೀತಾರೆ? ಯಾವತ್ತೂ ತೊಳೆಯೋ ನಾವೇ."

"ಎದುರು ಮಾತಾಡ್ತೀಯಾ? ಶೀಟು ತಾ ಮೊದಲು. ಅಲ್ಲಿ ದೊಡ್ಡೋರು ಬಂದಾಯ್ತು. ನಿಮ್ಮಂಥೋರು ಗದ್ದೆಬದುವಲ್ಲಿ ಹೆತ್ತು ಎದ್ದು ಹೋಗ್ತೀರ, ನಿಮಗ್ಯಾಕೆ ಗಾಡಿ?"

"ನಿನ್ನ ಗಾಡಿಗೆ ಬೆಂಕಿ ಬೀಳ, ಹಲ್ಕಾ ನನ್ಮಗನೆ," ಎಂದು ಬಾಗಿಲು ಹಾಕಿಕೊಂಡೆ. ಅವನು ಗಾಡಿಯೊಳಗೆ ಕೂತು ಹಾರ್ನ್ ಒತ್ತತೊಡಗಿದ. ಬಿಟ್ಟು ಬಿಟ್ಟು ಒತ್ತುತ್ತಿದ್ದ. ಒಳಗೆ ನೋವೂ ಹಾಗೇ ಬಿಟ್ಟು ಬಿಟ್ಟು ಬರುತ್ತಿತ್ತು.

"ಕೇಳಿಸ್ತೇನೇ? ಆ ಮುಂಡೇದಕ್ಕೆ ಉತ್ತರ ಕೊಡೇ! ಉಸಿರು ಕಟ್ಟಿ ಮುಕ್ಕು!" ಎಂದಳು ಗೋಡೆಯಾಚೆಯವಳು.

ಎಂದೂ ಏರುದನಿಯಲ್ಲಿ ಮಾತಾಡದ ನನ್ನ ಸೊಸೆ ಬಟ್ಟೆಯ ಹಗ್ಗ ಜಗ್ಗಿ ಹಿಡಿದು, ಹಾರ್ನ್ ಅಡಗುವ ಹಾಗೆ ಕೂಗಿದಳು. ಹಗ್ಗ ಕಿತ್ತುಬಂತು. ಅಷ್ಟು ಹೊತ್ತಿಗೆ ಒಣಗಿದ್ದ ಶೀಟೆಲ್ಲ ನಮ್ಮ ತಲೆಯ ಮೇಲೆ ಬಿದ್ದವು. ಅವನ್ನು ಸರಿಸಿ ನೋಡುತ್ತೇನೆ, ಮಗು ಗೋಡೆಯಾಚೆಯವಳ ಕೈಯಲ್ಲಿತ್ತು. ಹೆಣ್ಣು. ನೀಲಿಗಟ್ಟಿತ್ತು, ಅಳಲಿಲ್ಲ.

ಹೊರಗೆ ಹಾರ್ನ್. ಗೋಡೆಯಾಚೆಯವಳು ಬಾಯಿ ಒರೆಸಿದಳು, ಬೆನ್ನು ತಿಕ್ಕಿದಳು, ಮತ್ತೆ ತಿಕ್ಕಿದಳು. "ಅಳೇ, ನಮ್ಮವ್ವಾ, ಅಳೇ!" ಎಂದು ನಾನು ನೆಲ ಬಡಿದೆ. ಮಗು ಮುಖ ಕಿವುಚಿ, ಒಂದು ಸಲ ಕೆಮ್ಮಿ, ಆಮೇಲೆ ಅತ್ತ ಅಳುವಿಗೆ ಬಿಳಿಬೂಟು ಹಾರ್ನ್ ನಿಲ್ಲಿಸಿದ.

ಕುದಿಸಿದ ಲಾಡಿ ಬಿಗಿದು ಹೊಕ್ಕುಳಬಳ್ಳಿ ಕೊಯ್ದಾಯಿತು. ಮಗುವಿನ ಹಿಂದೆ ಮಾಸೂ ಬೋಗುಣಿಗೆ ಬಂತು. ಮಗುವನ್ನು ನನ್ನ ಹಳೆ ಸೀರೆಯಲ್ಲಿ ಸುತ್ತಿದೆ. ಅವರ ಬಟ್ಟೆ ನನ್ನ ಮೊಮ್ಮಗಳ ಮೈಗೆ ಬೇಡವಾಗಿತ್ತು. ಸೊಸೆಗೆ ರಕ್ತ ಹೋಗುವುದು ನಿಂತಿತೇ ಎಂದು ಗೋಡೆಯಾಚೆಯವಳು ನೋಡುತ್ತಲೇ ಇದ್ದಳು. ಕಡೆಗೆ, "ಗಟ್ಟಿಯಾಗಿದ್ದಾಳೆ, ಬದುಕ್ಕೊಂಡ್ಳು," ಎಂದಳು.

"ಆಯ್ತೇನೇ ನಿಮ್ಮ ಗಲಾಟೆ?" ಬಿಳಿಬೂಟು ಬಾಗಿಲ ಹೊರಗಿನಿಂದಲೇ ಕೂಗಿದ. "ಶೀಟು ಕೊಡ್ತೀರೋ ಇಲ್ವೋ? ನಾಳೆಯಿಂದ ಬಟ್ಟೆನೆಲ್ಲ ಮಷಿನ್‌ಗೆ ಹಾಕ್ಸ್ತೀನಿ, ಮಣ್ಣು ತಿನ್ನಿ!"

ಬಿದ್ದ ಶೀಟುಗಳನ್ನು ಝಾಡಿಸಿ ಮಡಿಸಿ ಜೋಡಿಸಿದೆ. ಮೊದಲನೇ ಹಾಸಿಗೆಯದು ಮಾತ್ರ ನೆಲದ ಮೇಲಿತ್ತು. ಅದರ ನಡುವೆ ನನ್ನ ಸೊಸೆಯ ರಕ್ತ. ತಣ್ಣೀರಿನ ಬಕೆಟ್ಟಿಗೆ ಕೈ ಹಾಕಿದೆ, ಮೂರ್ಖಳ ಹಾಗೆ. ಅಷ್ಟು ವರ್ಷದ ಅಭ್ಯಾಸ.

"ನೆನೆಸಬೇಡಿ ಅತ್ತೆ," ಎಂದಳು ಸೊಸೆ. "ಇಲ್ಲಿ ಕೊಡಿ. ಮಡಿಸ್ತೀನಿ."

ಗೋಡೆಗೆ ಒರಗಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮಡಿಸಿದಳು. ಅವಳಷ್ಟು ಅಂದವಾಗಿ ನಮ್ಮ ಗಲ್ಲಿಯಲ್ಲಿ ಯಾರೂ ಮಡಿಸುವುದಿಲ್ಲ. ಕಲೆ ಒಳಗೆ, ಅಂಚಿಗೆ ಅಂಚು, ಮಡಿಕೆಯ ಮೇಲೆ ಮಡಿಕೆ. ಗಂಜಿ ಕುಡಿದ ದಪ್ಪ ಬಟ್ಟೆ, ಹೊರಗೆ ಒಂದು ಹನಿ ಕಾಣಲಿಲ್ಲ. ಕೆಂಪು ಹೂವನ್ನು ಸರಿಯಾಗಿ ಮೇಲೆ ತಂದು, ಅಂಗೈಯಿಂದ ಒತ್ತಿ ಕೊಟ್ಟಳು.

ಬಿಳಿಬೂಟು ಎಣಿಸಿದ. ಹೂವು ನೋಡಿದ. "ಇದೇ ತಾನೇ ಮೊದಲನೇ ಹಾಸಿಗೇದು?"

"ಹೂಂ ಕಣಪ್ಪ. ದೊಡ್ಡೋರೇ ಬಿಡಿಸ್ಬೇಕಂತೆ. ದಾರೀಲಿ ಮುಟ್ಟಿ ಕೊಳೆ ಮಾಡೀಯ, ಜೋಕೆ!"

ಗಾಡಿ ಹೋಯಿತು. ಗೋಡೆಯಾಚೆಯವಳು ಮನೆಗೆ ಹೋಗಲಿಲ್ಲ, ನನ್ನ ಪಕ್ಕದಲ್ಲೇ ಕೂತಳು. ಆಸ್ಪತ್ರೆಯ ಮೈಕು ನಮ್ಮ ಗಲ್ಲಿಗೆ ಚೆನ್ನಾಗಿ ಕೇಳಿಸುತ್ತದೆ. ಬಡವರ ಸೇವೆ ಅಂತ ಏನೇನೋ ಒದರಿದರು. ಡಾಕ್ಟರಮ್ಮನ ದನಿಯೂ ಬಂತು. ಮಗು ಮೊಲೆ ಹಿಡಿದು ಕಣ್ಣುಮುಚ್ಚಿತ್ತು.

"ನಾಳೆ ಏನು ಮಾಡೋದು ಅತ್ತೆ?" ಎಂದಳು ಸೊಸೆ.

ಹಂಡೆಯ ಒಲೆಗೆ ನೀರು ಹೊಯ್ದೆ. ಬುಸ್ಸೆಂದು ಹೊಗೆಯೆದ್ದಿತು.

"ಈಗ ನಮ್ಮ ಮುಖ್ಯ ಅತಿಥಿಗಳು ತಮ್ಮ ಅಮೃತ ಹಸ್ತದಿಂದ ಮೊದಲನೇ ಹಾಸಿಗೆಯನ್ನು..." ಎಂದಿತು ಮೈಕು. ಚಪ್ಪಾಳೆ ಶುರುವಾಯಿತು. ಅರ್ಧಕ್ಕೇ ನಿಂತಿತು. ಯಾರೋ ಹೆಂಗಸು ಚೀರಿದಳು, ನರ್ಸಮ್ಮನೇ ಇರಬೇಕು. ಮೈಕು ಗೊರಗೊರ ಎಂದು ಸತ್ತಿತು.

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೆ ನೋಯುತ್ತಿತ್ತು, ಆದರೂ ನಿಲ್ಲಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಗಲ್ಲಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಈ ಸಲ ಬಿಡದೆ ಒತ್ತುತ್ತಿದ್ದರು. ನಾನು ಎದ್ದು ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಮೇಲೆ ಕೂತೆ. ಗೋಡೆಯಾಚೆಯವಳು ಬಟ್ಟೆ ಬಡಿಯುವ ದೊಣ್ಣೆಯನ್ನು ತನ್ನ ಕಾಲ ಬಳಿಗೆ ಎಳೆದುಕೊಂಡಳು.